ಕಾರಿನ ಮಡಿ

ನಮ್ಮಲ್ಲಿ ಮಡಿ ಮೈಲಿಗೆ ಅಷ್ಟಾಗಿ ಇಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಪೂಜೆ ಮುಗಿಸಿದರೆ ಆಮೇಲೆ ಯಾರು ಯಾರನ್ನು ಮುಟ್ಟಿದರೂ ಶಿವ ಮುನಿಸಿಕೊಳ್ಳುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ‘ಮುಟ್ಟಬೇಡ, ಹತ್ತಿರ ಬರಬೇಡ, ಅಲ್ಲೇ ನಿಂತು ಮಾತಾಡು’ ಎನ್ನುವ ಮಾತುಗಳು ತಿಪಟೂರಿನ ನಮ್ಮ ಮನೆಯಲ್ಲಿ ಕೇಳಿಬಂದದ್ದು ಕಾರು ಬಂದ ಮೇಲೆಯೇ. ಹೆಂಗಸರ ಮಡಿಯನ್ನು ಕಂಡು ನಗುವ ಗಂಡಸರು ಒಂದು ಕಾರು ಕೊಂಡ ಮೇಲೆ ಏನಾಗುತ್ತಾರೆ ಎಂದು ಯಾರೂ ಬರೆದದ್ದನ್ನು ನಾನು ಓದಿಲ್ಲ. ಬರೆಯುವವರಲ್ಲಿ ಗಂಡಸರೇ ಹೆಚ್ಚಾದ್ದರಿಂದ ಇರಬಹುದು. ಇರಲಿ, ನನಗೆ ಗೊತ್ತಿರುವಷ್ಟನ್ನು ನಾನು ಹೇಳುತ್ತೇನೆ.

ನಮ್ಮ ಮನೆಯವರು ಕೊಬ್ಬರಿ ವ್ಯಾಪಾರಿ. ಗಂಡನ ಹೆಸರು ಹಿಡಿದು ಹೇಳಿ ನನಗೆ ರೂಢಿಯಿಲ್ಲ. ಈ ವಯಸ್ಸಿನಲ್ಲಿ ಶುರುಮಾಡಿದರೆ ಯಾರನ್ನೋ ಕರೆಯುತ್ತಿದ್ದಾಳೆ ಎಂದು ಅವರು ತಿರುಗಿಯೂ ನೋಡಲಿಕ್ಕಿಲ್ಲ. ದಿನವಿಡೀ ಮಂಡಿಯಲ್ಲಿ ಚೀಲಗಳ ನಡುವೆ ಕೂತಿರುವ ಮನುಷ್ಯ. ಅಂಗಿಯ ಕಾಲರು ಕಪ್ಪಗಾದರೂ ಗೊತ್ತಾಗುವುದಿಲ್ಲ, ಉಂಡ ತಟ್ಟೆಯಲ್ಲೇ ಕೈ ತೊಳೆದು ಏಳುತ್ತಾರೆ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಾರೆ. ಇಂಥವರು ಎಪ್ಪತ್ತರ ದಶಕದ ಕೊನೆಯಲ್ಲಿ, ಊರಲ್ಲಿ ಕಾರಿರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ, ಒಂದು ಹಳೆಯ ಕಡುನೀಲಿ ಅಂಬಾಸಿಡರ್ ಕೊಂಡು ತಂದರು. ಮಾರನೆಯ ಬೆಳಿಗ್ಗೆ ನಾನೆದ್ದು ನೋಡಿದರೆ ಪಂಚೆ ಮೇಲೆತ್ತಿ ಕಟ್ಟಿ ಬಾವಿಯಲ್ಲಿ ನೀರು ಸೇದುತ್ತಿದ್ದಾರೆ. ಮದುವೆಯಾದಂದಿನಿಂದ ಒಂದು ಕೊಡ ನೀರು ಸೇದಿಕೊಟ್ಟವರಲ್ಲ. ನನಗೆ ಎದೆ ಝಲ್ಲೆಂದಿತು, ಯಾರಿಗೆ ಏನಾಯಿತೋ ಎಂದು.

ಮೊದಲು ಪುಕ್ಕದ ಕುಂಚದಿಂದ ಧೂಳು ಕೊಡವುವುದು. ಆಮೇಲೆ ನೀರು. ಸೋಪು ಹಾಕಿದರೆ ಬಣ್ಣ ಕೆಡುತ್ತದಂತೆ, ಅದಕ್ಕೆ ನನ್ನ ರೇಷ್ಮೆ ಸೀರೆಗೆಂದು ಇಟ್ಟಿದ್ದ ಅಂಟುವಾಳದ ಕಾಯಿ ನೆನೆಹಾಕಿ ಆ ನೊರೆಯಲ್ಲಿ ತೊಳೆಯುವುದು. ಚಕ್ರಕ್ಕೆ ತೆಂಗಿನ ನಾರು, ಮೈಗೆ ಮಾತ್ರ ಸವೆದು ಮೆತ್ತಗಾದ ಹಳೆಯ ಪಂಚೆ. ಅಂಥ ಪಂಚೆಗಳನ್ನು ನಾನು ಬಾಣಂತನದ ಬಟ್ಟೆಗೆಂದು ತೆಗೆದಿಟ್ಟಿದ್ದೆ. ನಮ್ಮ ಮನೆಯ ಮಗು ಆಗ ಕಾರೇ ಆದ್ದರಿಂದ ಅವು ಅದಕ್ಕೇ ಸಂದವು. ಟೈರು ಹೊಳೆಯಲಿ ಎಂದು ಒಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದರು. ಬೆಳಗಾಗುವುದರೊಳಗೆ ಇರುವೆ ಸಾಲು ಕಟ್ಟಿತ್ತು, ಬೀದಿಯ ನಾಯಿ ಒಂದೊಂದೇ ಚಕ್ರವನ್ನು ಭಕ್ತಿಯಿಂದ ನೆಕ್ಕುತ್ತಿತ್ತು. ಅದೇ ಸಮಯಕ್ಕೆ ನಮ್ಮ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ ಬೇಗ ಬೇಗ ಸವೆಯತೊಡಗಿತು. ವಯಸ್ಸಾಗುತ್ತಾ ಇವರಿಗೆ ಭಕ್ತಿ ಹೆಚ್ಚಾಗುತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಒಂದು ದಿನ ನೋಡಿದರೆ ವಿಭೂತಿ ಪುಡಿಮಾಡಿಕೊಂಡು ಬಂಪರು ಉಜ್ಜುತ್ತಿದ್ದಾರೆ!

“ಶಿವ ಶಿವಾ, ಇದೇನ್ರೀ ಇದು?” ಎಂದು ಕೂಗಿಕೊಂಡೆ.

“ಲಿಂಗದ ಬೆಳ್ಳಿ ಕರಡಿಗೆ ಇದ್ರಲ್ಲೇ ತಾನೇ ಉಜ್ಜೋದು? ಇದೂ ಹಂಗೇ ಕಣೇ,” ಎಂದರು. ಮುಖದಲ್ಲಿ ಒಂದಿಷ್ಟೂ ನಗು ಇರಲಿಲ್ಲ.

ಇನ್ನು ಅದನ್ನು ನಿಲ್ಲಿಸುವ ಜಾಗದ ಪಾಡು. ನಮ್ಮ ಸೀಮೆಯಲ್ಲಿ ನೆರಳೆಂದರೆ ತೆಂಗಿನ ಮರದ ನೆರಳು. ತೆಂಗಿನ ಕಾಯಿಗೆ ಕಣ್ಣಿದೆ, ಅದು ನೋಡಿಕೊಂಡು ಬೀಳುತ್ತದೆ, ಯಾರ ತಲೆಯ ಮೇಲೂ ಬೀಳುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. “ತಲೆ ಮೇಲೆ ಬೀಳಲ್ಲ, ಒಪ್ಕೊಂಡೆ. ಕಾರಿನ ಮೇಲೂ ಬೀಳಲ್ಲ ಅಂತ ಯಾರು ಹೇಳವ್ರೆ?” ಎಂದು ಇವರು ವಾದಿಸಿದರು. ಕೊನೆಗೆ ಕೊಬ್ಬರಿ ಅಟ್ಟದ ಕೆಳಗೆ ಕಟ್ಟುತ್ತಿದ್ದ ಹಸುವನ್ನು ಬೇವಿನ ಮರದ ಬುಡಕ್ಕೆ ಕಳಿಸಿ ಕಾರು ಅಲ್ಲಿಗೆ ಬಂತು. ಅಟ್ಟದ ಮೇಲೆ ಕಾಯಿಗಳು ನೀರು ಬತ್ತಿ ಕೊಬ್ಬರಿಯಾಗುವ ತನಕ ತಿಂಗಳುಗಟ್ಟಲೆ ಮಲಗಿರುತ್ತವಲ್ಲ, ಅದರ ಸಂದಿಗಳಿಂದ ನಾರಿನ ಧೂಳು ಉದುರುತ್ತದೆ. ಅದಕ್ಕೂ ದಾರಿ ಹುಡುಕಿದರು. ನನ್ನದೊಂದು ಹಳೆಯ ಸೀರೆಯನ್ನು ಕಾರಿನ ನೆತ್ತಿಯ ಮೇಲೆ ಮೇಲ್ಕಟ್ಟಾಗಿ ಕಟ್ಟಿದರು. ನನ್ನ ಧಾರೆಗೂ ಅಷ್ಟು ನೀಟಾಗಿ ಮೇಲ್ಕಟ್ಟು ಕಟ್ಟಿರಲಿಲ್ಲ. ಆಯುಧಪೂಜೆಯ ದಿನವಂತೂ ಕಾಯಿಯ ನೀರು ಸಿಡಿದು ಕಲೆಯಾದೀತೆಂದು ಪಕ್ಕದ ಮನೆ ಗಿರಿಜಕ್ಕನ ಬಾಗಿಲ ಹತ್ತಿರ ಹೋಗಿ ಕಾಯಿ ಒಡೆದರು. ಪೂಜೆಯ ಫಲವೇನಿದ್ದರೂ ಅವರ ಮನೆಗೇ ಹೋಗಿರಬೇಕು. ತುರುವೇಕೆರೆಯಲ್ಲಿ ಇವರ ಅಕ್ಕನ ಮಗಳ ಮದುವೆಗೆ ಹೋದಾಗ ಧಾರೆಯ ಹೊತ್ತಿಗೆ ಇವರಿಲ್ಲ. ಹುಡುಕಿಸಿದರೆ ಛತ್ರದ ಹೊರಗೆ ಯಾರೂ ಕಾರಿಗೆ ಒರಗದಂತೆ ಕಾಯುತ್ತಾ ನಿಂತಿದ್ದರು.

ಇದೆಲ್ಲ ನಗುವ ಮಾತು. ನಕ್ಕು ನಕ್ಕು ನಾನೂ ಸುಮ್ಮನಿದ್ದೆ. ನಗಲಿಕ್ಕಾಗದ್ದು ಒಂದು ನಡೆಯಿತು.

ನನ್ನ ತವರು ಕಂದಿಕೆರೆ ಪಕ್ಕದ ಹಳ್ಳಿ. ಅಳಿಯಂದಿರು ಕಾರು ತಂದಿದ್ದಾರೆ ಎಂದು ಕೇಳಿ ನಮ್ಮಪ್ಪ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬಸ್ಸು ಹತ್ತಿ ಬಂದರು. ಬಚ್ಚಲಲ್ಲಿ ಕೈಕಾಲು ತೊಳೆದು, ನೀರೂ ಕುಡಿಯದೆ ನೇರ ಅಟ್ಟದ ಕೆಳಗೆ ಹೋದರು. ಹೊಸ ಎತ್ತು ಕೊಂಡರೆ ಅದರ ಬೆನ್ನ ಮೇಲೆ ಅಂಗೈ ಊರಿ ಸುಮ್ಮನೆ ಒಂದು ಗಳಿಗೆ ನಿಲ್ಲುವುದು ನಮ್ಮಪ್ಪನ ಪದ್ಧತಿ. ಕಾರಿಗೂ ಹಾಗೇ ಮಾಡಿದರು. ಕಾಯಿ ಸುಲಿದು ಸುಲಿದು ಒರಟಾದ ಅಂಗೈ. ತೊಳೆದಿದ್ದರೂ ಒದ್ದೆ ಆರಿರಲಿಲ್ಲ. ಕೈ ತೆಗೆದಾಗ ಬಾಗಿಲ ಮೇಲೆ ಐದು ಬೆರಳೂ ಮೂಡಿದ್ದವು. ನಮ್ಮ ಮನೆಯವರು “ಬನ್ನಿ ಮಾವ, ಕಾಫಿ ಕುಡಿಯೋಣ” ಎಂದು ನಗುನಗುತ್ತಲೇ ಹೆಗಲ ಮೇಲಿದ್ದ ಬಟ್ಟೆ ತೆಗೆದು ಆ ಗುರುತನ್ನು ಒರೆಸಿದರು. ನಮ್ಮಪ್ಪ ಅದನ್ನು ನೋಡಿದರು. ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಚೆನ್ನಾಗೈತೆ ಕಣವ್ವ,” ಎಂದು ನನಗೆ ಹೇಳಿದರು. ಹೊರಡುವ ತನಕ ಕಾರಿನ ಹತ್ತಿರ ಹಾಯಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದವಳೇ ಜಗಳ ತೆಗೆದೆ. “ನಮ್ಮಪ್ಪನ ಕೈಯಿಟ್ಟ ಜಾಗಾನ ಅವರ ಕಣ್ಣೆದುರಿಗೇ ಒರೆಸಿ ಹಾಕಿದ್ರಲ್ಲ, ನಿಮಗೆ ಹೆಂಗೆ ಮನಸ್ಸು ಬಂತು?”

“ಎಲ್ಲಿ? ಯಾವಾಗ?” ಎಂದರು.

ಸುಳ್ಳು ಹೇಳಿದ್ದರೆ ಕ್ಷಮಿಸಬಹುದಿತ್ತು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಬೇಕೆಂದು ಮಾಡಿದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು. ಒರೆಸಿದ್ದೂ ಗೊತ್ತಾಗದ ಹಾಗೆ ಒರೆಸಿಬಿಡುತ್ತಾರಲ್ಲ ಎಂದು ಅಡಿಗೆಮನೆಯಲ್ಲಿ ಕೂತು ಅತ್ತೆ. ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿದೆ: ಈ ಕಾರು ನಮ್ಮೂರಿಗೆ ಹೋಗಬೇಕು, ಅದರ ಹಿಂದಿನ ಸೀಟಿನಲ್ಲಿ ನಮ್ಮಪ್ಪ ಕೂರಬೇಕು.

ಹೋಗಬೇಕೆಂದರೆ ಆಗಬೇಕಲ್ಲ. ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಟಾರು ಮುಗಿದು ಕೆಮ್ಮಣ್ಣಿನ ದಾರಿ. ಮಳೆಗಾಲದಲ್ಲಿ ಕೇಳಿದರೆ ಕೆಸರು ಎನ್ನುತ್ತಿದ್ದರು. ಬೇಸಿಗೆಯಲ್ಲಿ ಧೂಳು. ಸುಗ್ಗಿಯಲ್ಲಿ ರೈತರು ದಾರಿಯ ತುಂಬ ಹುರುಳಿ ಹರಡಿರುತ್ತಾರೆ, ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇವು ಮೂರನ್ನೂ ಬಿಟ್ಟು ನಾಲ್ಕನೆಯ ಕಾಲವನ್ನು ಶಿವ ನಮ್ಮ ತಾಲ್ಲೂಕಿಗೆ ಕೊಟ್ಟಿಲ್ಲ. ಮನೆಯಲ್ಲಿ ಕಾರು ಕನ್ನಡಿಯಂತೆ ಹೊಳೆಯುತ್ತಿದ್ದರೆ ನಾನು ಬಸ್ಸಿನಲ್ಲಿ ಕೋಳಿ ಬುಟ್ಟಿಗಳ ನಡುವೆ ನಿಂತು ತವರಿಗೆ ಹೋಗಿಬರುತ್ತಿದ್ದೆ. “ಕಾರು ಬರ್ಲಿಲ್ವೇನವ್ವ?” ಎಂದು ಊರವರು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನಮ್ಮಪ್ಪ “ರಿಪೇರಿಗೆ ಬುಟ್ಟವ್ರೆ” ಎಂದುಬಿಡುತ್ತಿದ್ದರು.

ಹೀಗಿರುವಾಗ ನಮ್ಮಪ್ಪನ ಕಣ್ಣಿಗೆ ಪೊರೆ ಬಂತು. ತಿಪಟೂರಿನಲ್ಲೇ ಆಪರೇಷನ್ ಆಯಿತು. ಆಸ್ಪತ್ರೆ ಹತ್ತಿರವೇ, ನಮ್ಮ ಮನೆಗೆ ನಡೆಸಿಕೊಂಡು ಕರೆತಂದೆವು. ಕಟ್ಟು ಬಿಚ್ಚುವ ತನಕ ಇಲ್ಲೇ ಇರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ದನಕರ ಬುಟ್ಟು ಬಂದಿವ್ನಿ. ಮಗಳ ಮನೇಲಿ ಎಷ್ಟು ದಿವ್ಸ ಅಂತ ಇರಾದವ್ವ? ಬಸ್ಸಿಗೇ ಹೋಯ್ತೀನಿ ಬುಡು,” ಎಂದು ಒಂದೇ ಹಟ. ನೋಡಲು ಮನೆಗೆ ಬಂದ ಡಾಕ್ಟರನ್ನು ಕೇಳಿದರೆ ಅವರು ಹೌಹಾರಿದರು. “ಬಸ್ಸಲ್ಲಿ ಕಳಿಸಿದ್ರೆ ಕಣ್ಣಿನ ಆಸೆ ಬಿಟ್ಟುಬಿಡಿ. ಕುಲುಕಬಾರದು. ಒಂದು ಕಣ ಧೂಳು ಬೀಳಬಾರದು. ಧೂಳೇ ಇಲ್ಲದ ಜಾಗದಲ್ಲಿ ಕೂರಿಸಿ ಕರ್ಕೊಂಡು ಹೋಗೋದಾದ್ರೆ ಹೋಗಿ,” ಎಂದರು.

ಧೂಳೇ ಇಲ್ಲದ ಜಾಗ! ಮೂರು ತಾಲ್ಲೂಕು ಸೇರಿಸಿ ಜಾಲಾಡಿದರೂ ಅಂಥದ್ದು ಒಂದೇ ಇತ್ತು, ಅದು ನಮ್ಮ ಅಟ್ಟದ ಕೆಳಗೆ ನನ್ನ ಸೀರೆಯ ನೆರಳಲ್ಲಿ ನಿಂತಿತ್ತು. ನಾನು ತುಟಿ ಬಿಚ್ಚಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು, ಅವರೇ ಹೇಳಲಿ ಎಂದು ಗೋಡೆ ನೋಡುತ್ತಾ ನಿಂತೆ. ಹೇಳದೆ ಹೋದರೆ ಅಪ್ಪನ ಕಣ್ಣಿನ ಗತಿಯೇನು ಎಂದು ಒಳಗೆ ಜೀವ ಹೊಡೆದುಕೊಳ್ಳುತ್ತಿತ್ತು. ನಮ್ಮ ಮನೆಯವರು ಕತ್ತು ತುರಿಸಿಕೊಂಡರು, ಕೆಮ್ಮಿದರು. “ಬೆಳಿಗ್ಗೆ ಹೊರಡೋಣ ಮಾವ,” ಎಂದರು.

ಬೆಳಿಗ್ಗೆ ಅವರು ಕಾರಿನ ಹೊರಮೈಯನ್ನು ಮುಟ್ಟಲೇ ಇಲ್ಲ. ಒಳಗೆ ನುಗ್ಗಿ ಸೀಟು, ಅದರ ಸಂದಿ, ಕಾಲಡಿ, ಗಾಜಿನ ಅಂಚು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದರು. ಗಾಳಿ ನುಸುಳುವ ಕಡೆಗೆಲ್ಲ ಹತ್ತಿ ತುರುಕಿದರು. ಆ ಹಾಳು ಶ್ರದ್ಧೆಯನ್ನು ನಾನು ಮೊದಲ ಸಲ ಕಣ್ತುಂಬ ನೋಡಿದೆ. ನಮ್ಮಪ್ಪನ ಒಂದು ಕಣ್ಣಿಗೆ ಕಟ್ಟು, ಇನ್ನೊಂದು ಮಂಜು. ಕೈಹಿಡಿದು ಬಾಗಿಲ ತನಕ ತಂದೆ. ಹತ್ತುವ ಮೊದಲು ಅವರು ಹೆಗಲ ಮೇಲಿನ ಟವೆಲು ತೆಗೆದು, ತಡಕಾಡಿ, ಸೀಟಿನ ಮೇಲೆ ಹಾಸಿದರು.

“ಅದ್ಯಾಕೆ ಮಾವ?” ಎಂದರು ಇವರು.

“ಪಂಚೆ ಮಾಸೈತೆ ಕಣ್ರೀ. ನಿಮ್ಮ ಸೀಟು ಯಾಕೆ ಕೆಡಿಸಾದು ಅಂತ.”

ಇವರು ನನ್ನ ಕಡೆ ಒಮ್ಮೆ ನೋಡಿದರು. ಅವತ್ತಿನ ಜಗಳ ಈಗ ನೆನಪಾಯಿತೋ ಏನೋ, ಮುಖ ಸಣ್ಣದಾಯಿತು. ಬಗ್ಗಿ ಆ ಟವೆಲನ್ನು ಎತ್ತಿ, ಮಡಿಸಿ, ನಮ್ಮಪ್ಪ ಕೂತ ಮೇಲೆ ಅವರ ಕತ್ತಿನ ಹಿಂದೆ ಇಟ್ಟರು. “ಒರಗಿಕೊಳ್ಳಿ ಮಾವ, ಕುಲುಕಲ್ಲ,” ಎಂದರು.

ಕುಲುಕಲಿಲ್ಲ. ಗಾಜು ಏರಿಸಿ ಬೆವರಿನಲ್ಲಿ ಬೇಯುತ್ತಾ, ತುಂಬುಬಸುರಿಯನ್ನು ಕರೆದೊಯ್ಯುವ ಗಾಡಿಯ ಹಾಗೆ ಹೋದೆವು. ಟಾರು ಮುಗಿಯುತ್ತಲೇ ಎದುರಿನಿಂದ ಬಂದ ಬಸ್ಸೊಂದು ನಮ್ಮನ್ನು ಕೆಂಧೂಳಿನಲ್ಲಿ ಮುಳುಗಿಸಿತು. ಇವರು ಹಲ್ಲು ಕಚ್ಚಿದ್ದು ನನಗೆ ಕಂಡಿತು, ಆದರೆ ಹಿಂದೆ ತಿರುಗಿ ಕೇಳಿದ್ದು “ಮಾವ, ಒಳಗೆ ಬಂತಾ?” ಎಂದು. ಬಂದಿರಲಿಲ್ಲ. ಆ ಕಣ್ಣು ಆಮೇಲೆ ಚೆನ್ನಾಗಿಯೇ ಬಂತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಊರು ಮುಟ್ಟಿದಾಗ ಕಡುನೀಲಿ ಕಾರು ಇಟ್ಟಿಗೆ ಗೂಡಿನಿಂದ ತೆಗೆದ ಹಾಗಿತ್ತು. ನಮ್ಮಪ್ಪ ಇಳಿದು, ಜಗಲಿಯಲ್ಲಿದ್ದವರೆಲ್ಲ ನೋಡುತ್ತಿರುವಾಗ, ಹಿಂದಿನ ಬಾಗಿಲ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತರು. ಬೆವೆತ ಕೈ. “ಒಳ್ಳೆ ಗಾಡಿ ಕಣ್ರೀ,” ಎಂದರು. ಇವರ ಹೆಗಲ ಮೇಲೆ ಒರೆಸುವ ಬಟ್ಟೆ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಇವರ ಕೈ ಅದರ ಕಡೆ ಹೋಗಲಿಲ್ಲ. ಅಂದು ನನಗಾದ ಸಂತೋಷವನ್ನು ಬಾಯಲ್ಲಿ ಹೇಳಲಾರೆ. ಈ ಮನುಷ್ಯನ ಮೇಲೆ ಹೊತ್ತುಕೊಂಡಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಮನೆಗೆ ಮರಳಿದ ಮಾರನೆಯ ದಿನ ಇವರು ಕಾರು ತೊಳೆಯಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸುಮ್ಮನೆ ಅದರ ಪಕ್ಕ ನಿಂತು ನೋಡಿ ಮಂಡಿಗೆ ಹೋಗುತ್ತಿದ್ದರು. ದಣಿದಿದ್ದಾರೆ ಪಾಪ ಎಂದುಕೊಂಡೆ. ಅಷ್ಟರಲ್ಲಿ ಗಿರಿಜಕ್ಕ ಬಂದು, “ಯಾರೇ ನೆಂಟ್ರು ಬಂದಿರಾದು? ಎಂಥ ಗಲೀಜು ಕಾರೇ ಅವ್ರದು!” ಎಂದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಮ್ಮ ಕಾರು ಗಲೀಜೇ? ಅವಳು ಅತ್ತ ಹೋಗುತ್ತಲೇ ಸೆರಗು ಸಿಕ್ಕಿಸಿ ನೀರು ಸೇದಿದೆ. ನಮ್ಮಪ್ಪನಿಗೆ ಇಷ್ಟು ಮಾಡಿದವರಿಗೆ ನಾನು ಇಷ್ಟಾದರೂ ಮಾಡಬೇಡವೇ ಎಂದು ಪ್ರೀತಿ ಉಕ್ಕಿತು. ಅಂಟುವಾಳ ನೆನೆಹಾಕಿದೆ, ನಾರಿನಲ್ಲಿ ಚಕ್ರ ಉಜ್ಜಿದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದೇವರ ಗೂಡಿನಿಂದ ಚೂರು ವಿಭೂತಿಯನ್ನೂ ತಂದು ಬಂಪರಿಗೆ ಹಾಕಿದೆ. ಶಿವನಾಣೆ, ಅದರಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ಹೊಳೆಯುವುದಿಲ್ಲ. ಹಿಂದಿನ ಬಾಗಿಲ ಮೇಲೆ ಏನೋ ಒಂದು ಕಲೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರು ಹಾಕಿ ಉಜ್ಜಿದೆ, ಹೋಯಿತು.

ಮಧ್ಯಾಹ್ನ ಊಟಕ್ಕೆ ಬಂದವರು ಅಟ್ಟದ ಕೆಳಗೆ ಹಾಗೇ ನಿಂತುಬಿಟ್ಟರು. ಕಾರಿನ ಹಿಂದಿನ ಬಾಗಿಲಲ್ಲಿ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಗಳುತ್ತಾರೆಂದು ನಾನು ಕಾದೆ.

“ಅಲ್ಲ ಕಣೇ, ಇಲ್ಲಿ ಮಾವನ ಕೈ ಇತ್ತಲ್ಲ,” ಎಂದರು. “ಅದು ಇರ್ಲಿ ಅಂತಾನೇ ತೊಳೀದೆ ಬಿಟ್ಟಿದ್ದೆ. ಒರೆಸಿಬಿಟ್ಯಾ?”

ನನ್ನ ಮೊಣಕೈಯಲ್ಲಿ ನೊರೆ ಇನ್ನೂ ಆರಿರಲಿಲ್ಲ. ಬಟ್ಟೆ ನನ್ನ ಹೆಗಲ ಮೇಲಿತ್ತು.

“ಎಲ್ಲಿ? ಯಾವಾಗ?” ಎಂದೆ.