ಲಕ್ಷ್ಮಿಯ ಕೊರಳಿಗೆ ಯಾರ ಮನೆಯ ಒಡವೆ?

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಚಿನ್ನದ ರೇಕು ಅಂಟಿಸಿ ಮೈಸೂರು ಶೈಲಿಯಲ್ಲಿ ದೇವರ ಚಿತ್ರ ಬರೆಯುವವರ ಹತ್ತಿರ ಜನ ಭಕ್ತಿಯಿಂದ ಬರುತ್ತಾರೆ ಅಂತ ನೀವು ತಿಳಿದಿದ್ದರೆ, ಮಧುಗಿರಿಯ ನಮ್ಮ ಮನೆ ಜಗಲಿಯ ಮೇಲೆ ನಾಲ್ಕು ದಿನ ಬಂದು ಕೂತು ನೋಡಿ. ಬಂದವರು ಮೊದಲು ಕೈ ಮುಗಿಯುತ್ತಾರೆ, ಆಮೇಲೆ ದೇವರಿಗೆ ಏನೇನು ಹಾಕಬೇಕು, ಏನೇನು ಹಾಕಬಾರದು ಅಂತ ಶುರು ಮಾಡುತ್ತಾರೆ.

ನನಗೆ ಈ ವಿದ್ಯೆ ಕಲಿಸಿದ ಗುರುಗಳು ಎರಡೇ ಮಾತು ಹೇಳಿದ್ದರು. ಲಕ್ಷ್ಮಿಗೆ ಯಾವ ಒಡವೆ ಎಲ್ಲಿ ಬರಬೇಕೆಂದು ಹಿರಿಯರು ಗೊತ್ತುಮಾಡಿದ್ದಾರೆ, ಅದರಲ್ಲಿ ತಲೆ ಹಾಕಬೇಡ. ಕಣ್ಣನ್ನು ಕೊನೆಗೆ ಬರೆ, ಕಣ್ಣು ಬರೆದಾದ ಮೇಲೆ ಬ್ರಹ್ಮ ಬಂದು ಕೇಳಿದರೂ ಕುಂಚ ಮುಟ್ಟಿಸಬೇಡ. ನನಗಿದ್ದ ಆಸೆಯೂ ಒಂದೇ. ಗಿರಾಕಿಗಳು ಕೈಯಾಡಿಸದ ಒಂದೇ ಒಂದು ಲಕ್ಷ್ಮಿ ನನ್ನ ಕೈಯಿಂದ ಹೊರಗೆ ಹೋಗಬೇಕು. ಅದಕ್ಕಾಗಿ ನಾನು ಪಟ್ಟ ಪಾಡು ಆ ತಾಯಿಗೇ ಗೊತ್ತು, ಪಕ್ಕದಲ್ಲೇ ನಿಂತು ನೋಡಿದವಳು ಅವಳು.

ಶಿರಾ: ಸ್ಟಾಕ್ ಇಲ್ಲದ ಡಾಬು

ಶಿರಾದಲ್ಲಿ ಒಬ್ಬರು ಹೊಸದಾಗಿ ಒಡವೆ ಅಂಗಡಿ ತೆರೆಯುವವರಿದ್ದರು. ಬಾಗಿಲಿಗೆದುರಾಗಿ ಆಳೆತ್ತರದ ಲಕ್ಷ್ಮಿ ಬೇಕು ಅಂದರು. ನಾನು ಕರಡು ಬರೆದು ತೆಗೆದುಕೊಂಡು ಹೋದೆ. ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಕೊರಳಿಂದ ಹೊಕ್ಕುಳವರೆಗೆ ಕಾಸಿನ ಸರ.

ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. "ಮೇಡಂ, ಈ ಡಾಬು ತೆಗೀರಿ."

"ಯಾಕೆ ಸಾರ್? ಲಕ್ಷ್ಮಿಗೆ ಡಾಬು ಇರಲೇಬೇಕು."

"ಇರಬೇಕು ಸರಿ. ಆದ್ರೆ ನಮ್ಮ ಹತ್ರ ಸ್ಟಾಕ್ ಇಲ್ಲವಲ್ಲ! ಗಿರಾಕಿ ಬಂದು ಅಂಥದ್ದೇ ಕೊಡಿ ಅಂದ್ರೆ ಎಲ್ಲಿಂದ ತರ್ಲಿ? ನಮ್ಮದು ಪೂರಾ ಲೈಟ್‌ವೆಯ್ಟ್."

ಡಾಬು ಹೋಯಿತು. ವಂಕಿ ಹೋಯಿತು. ಕಾಸಿನ ಸರ ಇದ್ದ ಕಡೆ ದಾರದೆಳೆಯಂಥ ಒಂದು ಚೈನು, ಅದರ ತುದಿಗೆ ಹೆಸರುಕಾಳಿನಷ್ಟು ಲಾಕೆಟ್ಟು ಬಂತು. ಚೌಕಟ್ಟು ಹಾಕುವ ಸಾಬರು ಚಿತ್ರ ನೋಡಿ, "ಅರೆ, ಎಲ್ಲಾ ಗಿರವಿ ಇಟ್ಬುಟ್ರಾ ಅಮ್ಮಾ?" ಅಂತ ಕೇಳಿದರು.

ಅಂಗಡಿ ತೆರೆದ ದಿನ ಮೊದಲ ಗಿರಾಕಿಯಾಗಿ ಹಳ್ಳಿಯ ಅಜ್ಜಿಯೊಬ್ಬರು ಮೊಮ್ಮಗಳ ಮದುವೆಗೆ ಒಡವೆ ನೋಡಲು ಬಂದರು. ಲಕ್ಷ್ಮಿಯ ಮುಂದೆ ನಿಂತು ಕೈ ಮುಗಿದವರು ಹಾಗೇ ತಲೆಯಿಂದ ಪಾದದವರೆಗೆ ನೋಡಿದರು. ಆಮೇಲೆ ಅಂಗಡಿಯವರ ಕಡೆ ತಿರುಗಿ, "ಅಲ್ಲ ಕಣಪ್ಪ, ಲಕ್ಷ್ಮಮ್ಮನಿಗೇ ಇಷ್ಟೇ ಇಷ್ಟು ಹಾಕಿದೀಯ. ಇನ್ನು ನಮಗೇನು ಹಾಕ್ತೀಯ?" ಅಂದವರೇ ಮೆಟ್ಟಿಲಿಳಿದು ಎದುರು ಅಂಗಡಿಗೆ ಹೋದರು.

ಕೊರಟಗೆರೆ: ಬುಗುಡಿಯ ಭಾಷಣ

ಮುಂದಿನ ಗಿರಾಕಿ ಕೊರಟಗೆರೆಯ ಕಡೆಯ ಒಬ್ಬ ಮುಖಂಡರು. ಎಲ್ಲೇ ಮೈಕು ಕಂಡರೂ ಸಂಸ್ಕೃತಿ ಉಳಿಸುವವರು. "ನಮ್ಮೂರಿನ ಸಾಂಸ್ಕೃತಿಕ ದಿನಕ್ಕೆ ವೇದಿಕೆ ಮೇಲೆ ನಿಮ್ಮ ಲಕ್ಷ್ಮಿ ಇಡಬೇಕು ಮೇಡಂ. ಹಳೇ ಕಾಲದ ಒಡವೆ ಒಂದೂ ಬಿಡಬೇಡಿ" ಅಂದರು. ನನಗೆ ಆನಂದಬಾಷ್ಪ ಬರುವುದೊಂದು ಬಾಕಿ. ಕೊನೆಗೂ ಒಡವೆಗೆ ಕೈ ಹಾಕದ ಮನುಷ್ಯ ಸಿಕ್ಕಿದರು ಅಂದುಕೊಂಡೆ.

ಒಡವೆಗೆ ಅವರು ಕೈ ಹಾಕಲಿಲ್ಲ ನಿಜ. ಕತ್ತಿಗೇ ಹಾಕಿದರು. "ಮುಖ ನೆಟ್ಟಗಿದ್ರೆ ಬುಗುಡಿ ಸರಿಯಾಗಿ ಕಾಣಲ್ಲ ಮೇಡಂ. ನನ್ನ ಭಾಷಣ ಪೂರ್ತಿ ಬುಗುಡಿ ಮೇಲೆ. ಮೇಲ್ಗಿವಿ ಕಾಣೋ ಹಂಗೆ ಮುಖ ಒಂದು ಸ್ವಲ್ಪ ಆ ಕಡೆ ತಿರುಗಿಸಿ." ಪೂಜೆಯ ಲಕ್ಷ್ಮಿ ಭಕ್ತರಿಗೆ ಎದುರಾಗಿ ನೋಡಬೇಕು ಅಂತ ಹೇಳಿದೆ. "ಭಕ್ತರನ್ನು ನಾನು ನೋಡ್ಕೊತೀನಿ ಬಿಡಿ" ಅಂದರು. ವಿಧಿಯಿಲ್ಲದೆ ತಿರುಗಿಸಿದೆ. ಲಕ್ಷ್ಮಿ ಯಾರೋ ಹಿಂದಿನಿಂದ ಕರೆದಂತೆ ಅತ್ತ ಕಡೆ ನೋಡುತ್ತಾ ನಿಂತಳು.

ಆ ದಿನ ಬಂತು. ಮುಖಂಡರು ಬಲಗೈ ಎತ್ತಿ ಮಾತಾಡುತ್ತಿದ್ದರು. ಮಣಿಕಟ್ಟಿನಲ್ಲಿ ಎಮ್ಮೆ ಕಟ್ಟುವ ಹಗ್ಗದಷ್ಟು ದಪ್ಪದ ಚಿನ್ನದ ಕಡಗ. "ಬುಗುಡಿ ಎಂದರೆ ಬರೀ ಒಡವೆಯಲ್ಲ ಬಂಧುಗಳೇ, ಅದು ನಮ್ಮ ತಾಯಂದಿರ ಗುರುತು! ಇವತ್ತು ಎಲ್ಲಿ ಹೋದವು ಆ ಬುಗುಡಿಗಳು? ಯಾರು ಉತ್ತರ ಕೊಡ್ತೀರಿ?"

ಮುಂದಿನ ಸಾಲಿನಲ್ಲಿ ಅವರ ತಾಯಿ ಕೂತಿದ್ದರು. ಮೇಲ್ಗಿವಿಯ ತೂತುಗಳೆರಡೂ ಖಾಲಿ. ಮಗ ಕೇಳಿದ ಮೇಲೆ ಉತ್ತರ ಕೊಡದಿದ್ದರೆ ಹೇಗೆ ಅಂತ ಆಯಮ್ಮ ಎದ್ದು ನಿಂತರು. "ಯಾಕ್ಲಾ ಇಂಗೆ ಬಡ್ಕಂತಿ? ನಿನ್ನ ಕೈಯಾಗೇ ಐತಲ್ಲೋ! ಕಡಗ ಬೇಕೂ ಅಂತ ನನ್ನ ಬುಗುಡಿ, ವಂಕಿ ಎಲ್ಲಾ ನೀನೇ ಅಲ್ವೇನೋ ಕರಗಿಸ್ಬುಟ್ಟಿದ್ದು?"

ಮುಖಂಡರ ಕೈ ಮೆಲ್ಲಗೆ ಇಳಿದು ಬೆನ್ನ ಹಿಂದೆ ಹೋಯಿತು. ಜನ ಮುಖ ಮುಖ ನೋಡಿಕೊಂಡರು. ನನ್ನ ಲಕ್ಷ್ಮಿಗೆ ಆ ತೊಂದರೆ ಇರಲಿಲ್ಲ, ಅವಳು ಮೊದಲೇ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಪಾವಗಡ: ತಾಳಿ ಯಾರ ಕಡೆಯದು?

ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲಿ ಸುತ್ತ ಎತ್ತ ನೋಡಿದರೂ ಸೋಲಾರ್ ಪ್ಯಾನೆಲ್ಲುಗಳು. ಅವುಗಳ ನಡುವೆ ಒಬ್ಬ ಮೇಷ್ಟ್ರು ಹೊಸ ಮನೆ ಕಟ್ಟಿಸಿದ್ದರು. ದೇವರ ಕೋಣೆಗೆ ಲಕ್ಷ್ಮಿ ಬೇಕಿತ್ತು. ಮೇಷ್ಟ್ರು ಒಳ್ಳೆಯವರು, "ನಿಮ್ಮಿಷ್ಟ ಮೇಡಂ" ಅಂದುಬಿಟ್ಟರು. ಆದರೆ ಮನೆಯಲ್ಲಿ ಮೇಷ್ಟ್ರ ಮಾತು ಕೇಳುವವರು ಯಾರೂ ಇರಲಿಲ್ಲ.

ಚಿತ್ರದಲ್ಲಿ ಎಲ್ಲ ಮುಗಿದು ತಾಳಿ, ಕಣ್ಣು ಮಾತ್ರ ಉಳಿದಿದ್ದವು. ಮೇಷ್ಟ್ರ ತಾಯಿ ಬಂದು, "ನಮ್ಮ ಮನೆತನದ್ದು ಒಂದೇ ಬೊಟ್ಟು ಕಣಮ್ಮ, ಎಲೆ ಆಕಾರದ್ದು. ಅದನ್ನೇ ಹಾಕು. ಲಕ್ಷ್ಮಿ ನಮ್ಮ ಮನೆಗೆ ಬಂದ ಮ್ಯಾಲೆ ನಮ್ಮ ಮನೆ ಸೊಸೆ ತಾನೇ?" ಅಂದರು.

ಮೇಷ್ಟ್ರ ಹೆಂಡತಿ ಗಡಿಯಾಚೆಯ ಆಂಧ್ರದವರು. ಅವರ ತವರಿನಲ್ಲಿ ತಾಳಿಗೆ ಎರಡು ದುಂಡು ಬಿಲ್ಲೆ. "ಅದೆಟ್ಲಾ ಆಗುತ್ತೆ ಅತ್ತಾ? ಲಕ್ಷ್ಮಿಗೆ ತಾಳಿ ಕಟ್ಟಿದೋರು ಯಾರು? ವೆಂಕಟರಮಣಸ್ವಾಮಿ. ಸ್ವಾಮಿ ಇರೋದು ಎಲ್ಲಿ? ತಿರುಪತಿಯಲ್ಲಿ. ತಿರುಪತಿ ಎಲ್ಲಿದೆ? ಆಂಧ್ರದಲ್ಲಿ. ಅಂದ್ರೆ ಗಂಡಿನ ಕಡೆಯೋರು ನಾವು!"

ಅತ್ತೆಗೆ ಇದಕ್ಕೆ ಉತ್ತರ ಸಿಗಲಿಲ್ಲ, ಸಿಗದಿದ್ದರಿಂದ ಊಟ ಬಿಟ್ಟರು. ಸೊಸೆಯೂ ಬಿಟ್ಟರು. ಮೇಷ್ಟ್ರಿಗೆ ಬಡಿಸುವವರಿಲ್ಲದೆ ಅವರೂ ಬಿಟ್ಟರು. ಕೊನೆಗೆ ನಾನು ಲಕ್ಷ್ಮಿಯ ಕೊರಳಿಗೆ ದಪ್ಪನೆಯ ಮಲ್ಲಿಗೆ ಹಾರ ಬರೆದು ತಾಳಿಯ ಜಾಗವನ್ನೇ ಮುಚ್ಚಿಬಿಟ್ಟೆ. ಅತ್ತೆ ಬಂದು ಕಿವಿಯಲ್ಲಿ, "ಹಾರದ ಕೆಳಗೆ ನಮ್ದೇ ಅಲ್ವಾ?" ಅಂದರು. ಹೂಂ ಅಂದೆ. ಸೊಸೆ ಬಂದು, "ಲೋಪಲ ಮಾದೇನಾ ಮೇಡಂ, ಒಳಗೆ ನಮ್ದೇ ತಾನೇ?" ಅಂದರು. ಅದಕ್ಕೂ ಹೂಂ ಅಂದೆ. ಅವತ್ತು ಮಧ್ಯಾಹ್ನ ಆ ಮನೆಯಲ್ಲಿ ಒಬ್ಬಟ್ಟಿನ ಊಟ.

ಬಸ್ಸು ಹತ್ತಿಸಲು ಬಂದ ಮೇಷ್ಟ್ರು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ಮೇಡಂ, ನಿಜವಾಗಿ ಕೆಳಗೆ ಯಾರದ್ದಿದೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕೈ ಮುಗಿದುಬಿಟ್ಟರು. "ಬೇಡ, ಬೇಡ, ಹೇಳಬೇಡಿ! ನನಗೆ ಗೊತ್ತಿಲ್ಲದೆ ಇದ್ರೇನೇ ನನಗೆ ಊಟ."

ಮಧುಗಿರಿ: ಹಂಸದ ಕಣ್ಣು

ನಮ್ಮ ಬೀದಿಯಲ್ಲೇ ಹುಣಸೆಹಣ್ಣಿನ ಸಾಹುಕಾರರ ಮನೆ. ಆ ಮನೆಯ ಕಥೆ ಬೀದಿಗೆಲ್ಲ ಗೊತ್ತು. ಸಾಹುಕಾರರ ತಾಯಿ ತೀರಿಕೊಳ್ಳುವ ಮುಂಚೆ ತಮ್ಮ ಕೊರಳಿನ ಪದಕ ಮಗಳಿಗೆ ಸೇರಬೇಕು ಅಂತ ಎಲ್ಲರೆದುರು ಹೇಳಿದ್ದರು. ಮಗಳನ್ನು ಕೊಟ್ಟಿದ್ದು ಬಡವನಹಳ್ಳಿಗೆ. ತಿಥಿ ಮುಗಿಸಿ ಆಕೆ ಪದಕ ಕೇಳಿದಾಗ ಅತ್ತಿಗೆ, ಅಂದರೆ ಸಾಹುಕಾರರ ಹೆಂಡತಿ, "ಎಲ್ಲೋ ಬಸ್ಸಿನಾಗೆ ಕಳ್ದೋಯ್ತು ಕಣಮ್ಮ" ಅಂದರು. ಅಂದಿನಿಂದ ನಾದಿನಿ ಪ್ರತಿ ಹಬ್ಬಕ್ಕೂ ಬಂದು, "ಅಮ್ಮನ ಪದಕ ಸಿಕ್ತಾ ಅತ್ತಿಗೆ?" ಅಂತ ಕೇಳುವುದು, ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನಡೆದೇ ಇತ್ತು. ಆ ಪದಕ ಹೇಗಿತ್ತು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಈ ಸಾಹುಕಾರರ ಹೆಂಡತಿ ನನ್ನನ್ನು ಕರೆಸಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಲಕ್ಷ್ಮಿಯ ಚಿತ್ರ ಬೇಕು ಅಂದರು. ನಾನು ಮೊದಲೇ ಕಡ್ಡಿ ಮುರಿದಂತೆ ಹೇಳಿದೆ, "ಅರ್ಧದಲ್ಲಿ ಅದು ತೆಗಿ, ಇದು ಹಾಕು ಅನ್ನಬಾರದು. ಕಣ್ಣು ಬರೆದ ಮೇಲಂತೂ ಒಂದು ಚುಕ್ಕೆಯನ್ನೂ ಮುಟ್ಟಲ್ಲ."

"ಅಯ್ಯೋ, ನಾನ್ಯಾಕೆ ಅಂತೀನಿ! ನಮ್ಮ ಬೀರುವಿನಾಗಿರೋ ಒಡವೇನೇ ನೋಡ್ಕಂಡು ಬರೀರಿ. ಒಂದು ಹರಳೂ ಹೆಚ್ಚುಕಮ್ಮಿ ಆಗಬಾರದು, ಅಷ್ಟೇ" ಅಂದರು. ಬೀರುವಿನ ಮೇಲಿನ ಅರೆಯಿಂದ ಡಬ್ಬಿಗಳು ಒಂದೊಂದಾಗಿ ಇಳಿದವು. ಕೊರಳಿನ ಅಡ್ಡಿಕೆ, ಡಾಬು, ವಂಕಿ, ಗುರುಗಳು ಹೇಳಿದ ಒಡವೆಗಳೆಲ್ಲ ಸಾಲಾಗಿ ಬಂದವು. ನನಗೆ ಹಬ್ಬ ಅವತ್ತೇ ಬಂದ ಹಾಗಾಯಿತು. ಕೊನೆಗೆ, ಎಡಗಡೆ ಮೂಲೆಯಿಂದ ಒಂದು ಹಳೇ ಹಿತ್ತಾಳೆ ಡಬ್ಬಿ ಬಂತು. ಒಳಗೆ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತ ಪದಕ. ಎಂಥಾ ಕೆಲಸ ಅಂತೀರಿ! ಒಂದು ಹಂಸದ ಕಣ್ಣು ಕೆಂಪು ಹರಳು, ಇನ್ನೊಂದರದ್ದು ಹಸಿರು. ಬಿದ್ದುಹೋದ ಕೆಂಪಿನ ಜಾಗಕ್ಕೆ ಯಾರೋ ಕೈಗೆ ಸಿಕ್ಕ ಹಸಿರು ಕೂರಿಸಿದ್ದರು.

"ಇಷ್ಟು ಚೆನ್ನಾಗಿದೆ, ನೀವು ಹಾಕ್ಕೊಂಡಿದ್ದು ನಾನು ನೋಡೇ ಇಲ್ವಲ್ಲ?" ಅಂದೆ.

ಅವರು ನಿಟ್ಟುಸಿರು ಬಿಟ್ಟರು. "ನಾನು ಹಾಕ್ಕಂಡ್ರೆ ದೃಷ್ಟಿ ಆಗ್ತೈತೆ. ತಾಯಿನಾದ್ರೂ ಹಾಕ್ಕಂಡು ನಾಲ್ಕು ಜನಕ್ಕೆ ಕಾಣಿಸ್ಲಿ. ಚಿತ್ರದಾಗೆ ಯಾರ್ಗೆ ಏನು ಗೊತ್ತಾಗ್ತೈತೆ, ಬುಡಿ."

ಈ ಕೊನೆಯ ಮಾತು ನನಗೆ ಚುಚ್ಚಿತು. ಗೊತ್ತಾಗುವುದಿಲ್ಲವೇ? ನೋಡೋಣ ಅಂದುಕೊಂಡು ಆ ಪದಕಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಕೂತೆ. ಹಂಸದ ರೆಕ್ಕೆಯ ಗೆರೆಗೆರೆಯೂ ಉಬ್ಬಿ ಬಂತು. ಒಂದು ಕಣ್ಣಿಗೆ ಕೆಂಪು, ಒಂದು ಕಣ್ಣಿಗೆ ಹಸಿರು. ಕೊನೆಗೆ ಲಕ್ಷ್ಮಿಗೆ ಕಣ್ಣು ಬರೆದೆ. ಯಾರೂ ಕೈಯಾಡಿಸದ ಮೊದಲ ಲಕ್ಷ್ಮಿ! ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಹಬ್ಬದ ಸಂಜೆ ಬೀದಿಯ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಸೇರಿದ್ದರು. ಬಡವನಹಳ್ಳಿಯ ನಾದಿನಿಯೂ ಬಂದಿದ್ದರು. ಅವರ ದನಿ ಚೆನ್ನಾಗಿದೆ ಅಂತ ಆರತಿ ತಟ್ಟೆ ಅವರ ಕೈಗೇ ಕೊಟ್ಟರು. ಹಾಡುತ್ತಾ ತಟ್ಟೆಯನ್ನು ಪಾದದಿಂದ ಮೇಲಕ್ಕೆ ಎತ್ತಿದರು. ಎದೆಯ ಹತ್ತಿರ ಬಂದದ್ದೇ ತಟ್ಟೆಯೂ ನಿಂತಿತು, ಹಾಡೂ ನಿಂತಿತು.

"ಅತ್ತಿಗೆ, ಈ ಹಂಸಕ್ಕೆ ಒಂದು ಕಣ್ಣು ಕೆಂಪು, ಒಂದು ಕಣ್ಣು ಹಸುರು ಯಾಕೆ?"

ಅತ್ತಿಗೆಯ ಮುಖದ ಬಣ್ಣ ಹೋಯಿತು. ಆದರೂ ಬಾಯಿ ಸೋಲಲಿಲ್ಲ. "ಅದಾ? ಅದು... ಚಿತ್ರ ಬರ್ದೋರು ತಪ್ಪು ಮಾಡ್ಬುಟ್ಟವ್ರೆ ಕಣಮ್ಮ."

ಸೇರಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ತಪ್ಪು! ನನ್ನ ಲಕ್ಷ್ಮಿಯಲ್ಲಿ ತಪ್ಪು! ನನ್ನ ಮೈಯೆಲ್ಲ ಉರಿದುಹೋಯಿತು. ಹಿಂದುಮುಂದು ಯೋಚಿಸದೆ, "ಏನಂದ್ರಿ? ಜೀವಮಾನದಲ್ಲಿ ನಾನು ಹರಳಿನ ಬಣ್ಣ ತಪ್ಪು ಬರೆದವಳಲ್ಲ! ಬೇಕಾದರೆ ಬೀರು ತೆಗೆಸಿ ನೋಡಿ. ಮೇಲಿನ ಅರೆ, ಎಡಗಡೆ ಮೂಲೆ, ಹಿತ್ತಾಳೆ ಡಬ್ಬಿ!" ಅಂದುಬಿಟ್ಟೆ.

ಅಂದ ಮೇಲೆ ನನಗೆ ಅರ್ಥವಾಯಿತು. ಅಷ್ಟರಲ್ಲಿ ಹೆಂಗಸರಿಗೆಲ್ಲ ಆಗಿಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ಒಳಗೆ ಹೋಗಿ ಡಬ್ಬಿ ತಂದು ತಂಗಿಯ ಮುಂದೆ ಮುಚ್ಚಳ ತೆರೆದರು. ಆಕೆ ಪದಕ ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡರು. "ಅಮ್ಮನ ಎದೆ ಮ್ಯಾಲೆ ಮಲಗ್ದಾಗ ಇದು ಇಂಗೇ ಒತ್ತೋದು ಅಣ್ಣ" ಅಂದರು.

ಅತ್ತಿಗೆಯ ಬಾಯಿ ಆಗಲೂ ಸೋಲಲಿಲ್ಲ. ಎರಡೂ ಕೈಯೆತ್ತಿ ಲಕ್ಷ್ಮಿಗೆ ಮುಗಿದು, "ನೋಡ್ದ್ರಾ ತಾಯಿ ಮಹಿಮೆ! ಬಸ್ಸಿನಾಗೆ ಕಳ್ದೋಗಿದ್ದನ್ನ ತಂದು ನಮ್ಮ ಬೀರುವಿನಾಗೇ ಇಟ್ಟವ್ಳೆ!" ಅಂದರು.

ಮಾರನೆಯ ದಿನ ಬೆಳಿಗ್ಗೆಯೇ ಅವರು ನಮ್ಮ ಜಗಲಿಯ ಮೇಲಿದ್ದರು. "ಪದಕ ಅವಳಿಗೆ ಹೋಯ್ತಲ್ಲ, ಇನ್ನು ಚಿತ್ರದಾಗೆ ಯಾಕೆ? ಅಳಿಸ್ಬುಡಿ."

"ಕಣ್ಣು ಬರೆದಾಗಿದೆ. ಮುಟ್ಟಲ್ಲ."

"ಹೋಗ್ಲಿ, ಪಾವಗಡದಾಗೆ ಬರ್ದೆ ಅಂತ ನೀವೇ ಹೇಳಿದ್ರಲ್ಲ, ಅಂಗೇ ಮೇಲೊಂದು ಹಾರನಾದ್ರೂ ಬರ್ದ್ಬುಡಿ."

"ಅದನ್ನೂ ಬರೆಯಲ್ಲ."

ಬರೆಯಲಿಲ್ಲ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಸೇವಂತಿಗೆಯ ದಪ್ಪ ಹಾರ ಕಟ್ಟಿ, ಸರಿಯಾಗಿ ಪದಕ ಮುಚ್ಚುವಂತೆ ಲಕ್ಷ್ಮಿಗೆ ಹಾಕುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಎಂಥಾ ಭಕ್ತಿ ಅಂತ ಬೀದಿಯೆಲ್ಲ ಕೊಂಡಾಡುತ್ತದೆ.

ನಾದಿನಿ ಈಗಲೂ ಪ್ರತಿ ಹಬ್ಬಕ್ಕೂ ಬರುತ್ತಾರೆ, ಕೊರಳಲ್ಲಿ ಆ ಪದಕ ಹಾಕಿಕೊಂಡೇ. ಚಪ್ಪಲಿ ಬಿಟ್ಟು ನೆಟ್ಟಗೆ ದೇವರ ಕೋಣೆಗೆ ಹೋಗಿ, ಲಕ್ಷ್ಮಿಯ ಮೇಲಿನ ಹಾರ ತೆಗೆದು ಪಕ್ಕಕ್ಕಿಡುತ್ತಾರೆ. ಆಮೇಲೆ ಅಡುಗೆಮನೆಗೆ ಕೇಳುವಂತೆ ಕೂಗಿ ಹೇಳುತ್ತಾರೆ:

"ತಾಯಿಗೆ ಸೆಕೆ ಆಗ್ತೈತೆ ಕಣತ್ತಿಗೆ, ಒಸಿ ಗಾಳಿ ಆಡ್ಲಿ!"