ಮುಸ್ಸಂಜೆಗೆ ಬಾಯಿ ತೆರೆಯುತ್ತಿದ್ದ ತಗಡುಕತ್ತರಿ

ಕಬ್ಬಿಣ ಇದ್ದ ಕಡೆ ಗಾಳಿ ಸುಳಿಯುವುದಿಲ್ಲ ಎಂದು ನಮ್ಮ ಜನ ನಂಬುತ್ತಾರೆ. ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುವುದು ಅದಕ್ಕೇ. ಹಾಗೆ ನೋಡಿದರೆ ಮದ್ದೂರು ಪೇಟೆಬೀದಿಯ ನನ್ನ ಅಂಗಡಿಯಷ್ಟು ಕ್ಷೇಮವಾದ ಜಾಗ ಊರಲ್ಲಿ ಇನ್ನೊಂದು ಇರಬಾರದು, ಅಲ್ಲಿ ನೆಲದಿಂದ ಸೂರಿನವರೆಗೂ ಕಬ್ಬಿಣವೇ. ಆದರೂ ಯುದ್ಧದ ಆ ವರ್ಷಗಳಲ್ಲಿ ಅಲ್ಲಿ ಒಂದಾದ ಮೇಲೊಂದು ನಡೆಯುತ್ತಲೇ ಹೋಯಿತು. ನೆನೆದರೆ ಮೊದಲು ಮೈ ಜುಮ್ಮೆನ್ನುತ್ತದೆ, ಆಮೇಲೆ ನಗು ಬರುತ್ತದೆ. ಎರಡನ್ನೂ ದೇವರ ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡಿದ್ದೇನೆ.

ನನ್ನದು ಕತ್ತರಿಸುವ ಸಾಮಾನಿನ ವ್ಯಾಪಾರ. ತಂತಿಗೆ ಇಕ್ಕಳ, ತಗಡಿಗೆ ಕತ್ತರಿ, ಇವೆರಡಕ್ಕೂ ಜಗ್ಗದ್ದಕ್ಕೆ ಗರಗಸ. ಇಂಥದ್ದನ್ನು ಕಣ್ಣಲ್ಲಿ ನೋಡಿ ಕೊಳ್ಳಲಾಗದು. ಕೈಯಲ್ಲಿ ಹಿಡಿದು, ಒಂದು ಚೂರು ಕತ್ತರಿಸಿ, ಕೈಗೆ ಒಗ್ಗಿತೇ ಎಂದು ನೋಡಿಯೇ ಆರಿಸಬೇಕು. ಅದಕ್ಕೆಂದು ತಂತಿ ತಗಡಿನ ತುಂಡುಗಳನ್ನು ಒಂದು ಪುಟ್ಟಿಯಲ್ಲಿ ಇಟ್ಟಿದ್ದೆ. ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಕತ್ತರಿಸಬಹುದು. ಒಂದೇ ಕಟ್ಟುನಿಟ್ಟು. ಆಯುಧಪೂಜೆಯಲ್ಲಿ ಕುಂಕುಮ ಇಡಿಸಿಕೊಂಡ ಸಾಮಾನು, ಬಲಗೈಯಲ್ಲೇ ಮುಟ್ಟಬೇಕು. ಯಾರಾದರೂ ಎಡಗೈ ಚಾಚಿದರೆ ಕೂತಲ್ಲಿಂದಲೇ "ಆ ಕೈ ಬೇಡಪ್ಪ" ಎನ್ನುತ್ತಿದ್ದೆ. ಅಪ್ಪನ ಕಾಲದಿಂದ ನಡೆದುಬಂದದ್ದು.

೧. ಸತ್ತವರ ಸಾಮಾನು

ಮಳವಳ್ಳಿ ಕಡೆ ಕರೆಂಟಿನ ತಂತಿ ಎಳೆಸುತ್ತಿದ್ದ ಬಿಳಿಯ ದೊರೆಯೊಬ್ಬರು ಜ್ವರದಲ್ಲಿ ತೀರಿಕೊಂಡರು. ಹಿಂದೆ ಮುಂದೆ ಯಾರೂ ಇರಲಿಲ್ಲ, ಸಾಮಾನು ಹರಾಜಾಯಿತು. ಯುದ್ಧದಿಂದ ಸೀಮೆಯ ಮಾಲು ಬರುವುದು ನಿಂತಿತ್ತಲ್ಲ, ನಾನೂ ಹೋಗಿ ಒಂದು ಪೆಟ್ಟಿಗೆ ತಂದೆ. ಅದರೊಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಮೊಳದುದ್ದದ ತಗಡುಕತ್ತರಿ ಇತ್ತು. ಅಂಥ ಉಕ್ಕನ್ನು ನಾನು ಕಂಡಿರಲಿಲ್ಲ. ಗೋಡೆಯ ಮೊಳೆಗೆ ತಗುಲಿಸಿ, ಕುಂಕುಮ ಇಟ್ಟು ಕೈಮುಗಿದೆ.

ಅಂದೇ ಮುಸ್ಸಂಜೆ ದೀಪ ಹಚ್ಚಿ ತಿರುಗುತ್ತೇನೆ, ಕತ್ತರಿ ಬಾಯಿ ತೆರೆದಿದೆ. ನಾನೇ ಸರಿಯಾಗಿ ಮುಚ್ಚಲಿಲ್ಲವೇನೋ ಎಂದು ಮುಚ್ಚಿದೆ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ತೆರೆದಿತ್ತು. ಮೂರನೆಯ ದಿನ ಕಣ್ಣು ಮಿಟುಕಿಸದೆ ನೋಡುತ್ತ ಕೂತೆ. ಕರ್ರ್ ಎಂದು, ಯಾರೋ ಒಳಗಿನಿಂದ ಬಾಗಿಲು ನೂಕಿದ ಹಾಗೆ, ನಿಧಾನವಾಗಿ ತೆರೆಯಿತು.

"ಮೈಸೂರು ರೈಲು ಹೋಗೋ ಹೊತ್ತು, ಗೋಡೆ ಅದುರುತ್ತೆ" ಎಂದಳು ನನ್ನ ಹೆಂಡತಿ. ಒಪ್ಪಿದೆ. ಆ ವಾರವೇ ಒಂದು ಸಂಜೆ ರೈಲು ಬರಲಿಲ್ಲ. ಕತ್ತರಿ ಬಾಯಿ ತೆರೆಯಿತು.

ಕೊಳ್ಳಲು ಬಂದವರ ಕೈಯಲ್ಲಿ ಅದು ಇನ್ನೂ ವಿಚಿತ್ರವಾಗಿ ಆಡುತ್ತಿತ್ತು. ನೇರ ಗೆರೆ ಎಳೆದು ಕತ್ತರಿಸಹೊರಟರೆ ಗೆರೆಯೇ ಕಾಣದಂತೆ ಅಲಗು ಅಡ್ಡ ಬರುವುದು, ತಗಡನ್ನು ಕತ್ತರಿಸದೆ ಮಡಿಚಿ ಕಚ್ಚಿಕೊಳ್ಳುವುದು. "ಆ ಕಡೆಯಿಂದ ಯಾರೋ ಹಿಡ್ಕೊಂಡು ಎಳ್ದಂಗಾಯ್ತದೆ" ಎಂದು ನಾಲ್ಕು ಜನ ನಾಲ್ಕು ದಿನ ಅದೇ ಮಾತು ಹೇಳಿ, ಕೈ ಒರೆಸಿಕೊಂಡು ಹೋದರು.

ಕಡೆಗೆ ನಾನು ಸ್ನಾನ ಮಾಡಿ, ದೇವಸ್ಥಾನದಿಂದ ಮಂತ್ರಿಸಿದ ದಾರ ತಂದು, ಕತ್ತರಿಯ ಬಾಯಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಬೆಳಿಗ್ಗೆ ನೋಡಿದರೆ ದಾರ ಮೂರು ತುಂಡಾಗಿ ನೆಲದ ಮೇಲಿತ್ತು. ಹೆಂಡತಿ ಬಂದು ತುಂಡುಗಳನ್ನು ನೋಡಿ, ಕತ್ತರಿಯನ್ನು ನೋಡಿ, ನನ್ನನ್ನು ನೋಡಿದಳು.

"ಊರಲ್ಲಿ ಇಷ್ಟು ಸಾಮಾನಿರೋವಾಗ, ದಾರ ಕಟ್ಟೋಕೆ ನಿಮಗೆ ಕತ್ತರೀನೇ ಬೇಕಾಗಿತ್ತೇ?"

೨. ಹಾಲು ಕುಡಿದ ತಂತಿ

ಆ ದೊರೆಯ ಕೈಕೆಳಗೆ ಇದ್ದ ಲೈನ್‌ಮನ್ನು ಒಬ್ಬ ಮಳವಳ್ಳಿಯಿಂದ ಬಂದ. ಅವನಿಗೆ ಕೇಬಲ್ಲು ಕತ್ತರಿಸುವ ಸಾಮಾನು ಬೇಕಿತ್ತು. ನಾನು ವಿವರಿಸಿ ಹೇಳಿದೆ. ಒಂಟಿ ತಂತಿಗೆ ಇಕ್ಕಳ ಸಾಕು. ಹುರಿ ಹೊಸೆದ ದಪ್ಪ ಕೇಬಲ್ಲಿಗೆ ಅದೇ ಇಕ್ಕಳ ಹಾಕಿದರೆ ಎಳೆಯೆಲ್ಲ ಚಪ್ಪಟೆಯಾಗಿ ಕೆದರುತ್ತದೆ, ಅದಕ್ಕೆ ಗಿಣಿಕೊಕ್ಕಿನಂತೆ ಬಾಗಿದ ಬಾಯಿ, ಉದ್ದನೆಯ ಹಿಡಿ ಇರಬೇಕು. ಉಕ್ಕಿನ ತಂತಿಗೆ ಆ ಕೊಕ್ಕನ್ನೂ ಹಾಕಬಾರದು, ಮುಕ್ಕಾಗುತ್ತದೆ. ಇಷ್ಟು ಹೇಳಿ, ಮಧ್ಯಾಹ್ನದ ಪೂಜೆಯ ಹೊತ್ತಾಯಿತೆಂದು, "ನೋಡ್ತಾ ಇರಪ್ಪ" ಎಂದು ಒಳಗೆ ಹೋದೆ.

ಮಂಗಳಾರತಿ ಮುಗಿಸಿ ಬಂದರೆ ಅವನಿಲ್ಲ. ಬೀದಿಯಲ್ಲಿ ಬಿಸಿಲು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ನಾನು ಕೂರುವ ಮರದ ಮಂಚದ ಕೆಳಗೆ, ಕತ್ತಲಲ್ಲಿ, ಸರ್ರ್ ಎಂದು ಏನೋ ಹರಿಯಿತು. ಬಗ್ಗಿ ನೋಡಿದೆ. ಸಣ್ಣಗೆ, ಹೊಳೆಯುತ್ತ, ಒಂದು ಸುತ್ತು ಬಿಚ್ಚಿಕೊಂಡು ಇನ್ನೊಂದು ಮೂಲೆಗೆ ಸರಿದು ನಿಂತಿತು.

ನಾಗಪ್ಪ ತಾನಾಗಿ ಬಂದಿದ್ದಾನೆ ಎಂದು ಕೈಮುಗಿದು, ಬಟ್ಟಲಲ್ಲಿ ಹಾಲು ತಂದಿಟ್ಟೆ. ಸಂಜೆ ನೋಡಿದರೆ ಬಟ್ಟಲು ಖಾಲಿ. ಮೂರು ದಿನ ಇಟ್ಟೆ, ಮೂರು ದಿನವೂ ಖಾಲಿ. ಮಂಚ ಬಿಟ್ಟು ಬಾಗಿಲಲ್ಲಿ ನಿಂತೇ ವ್ಯಾಪಾರ ಮಾಡಿದೆ.

ನಾಲ್ಕನೆಯ ದಿನ ಲೈನ್‌ಮನ್ನು ಬಂದು, ವಿಷಯ ಕೇಳಿ, ಮಂಚದ ಕೆಳಗೆ ತೋಳು ಹಾಕಿ ಅದನ್ನು ಎಳೆದೇಬಿಟ್ಟ. ಉಕ್ಕಿನ ತಂತಿಯ ಸುರುಳಿ.

"ಅವತ್ತು ಇದ್ರ ಕಟ್ಟ ಕತ್ತರಿಸಿ ನೋಡ್ದೆ ಸೆಟ್ರೇ. ಅಂಗೇ ಬಿಚ್ಕಂಡು ಮಂಚದ ಕೆಳಿಕ್ಕೆ ನುಗ್ತು. ನೀವು ಪೂಜೆಗೆ ಕುಂತಿದ್ರಿ, ಕರೀಬಾರ್ದು ಅಂತ ಓಗ್ಬುಟ್ಟೆ."

"ಹಾಗಾದರೆ ಹಾಲು ಕುಡಿದವರು ಯಾರಪ್ಪ?"

ಅವನು ಖಾಲಿ ಬಟ್ಟಲನ್ನು ನೋಡಿದ, ತಂತಿಯನ್ನು ನೋಡಿದ. "ನಂಗೊತ್ತಿಲ್ಲ ಕಣ್ ಸೆಟ್ರೇ. ನಮ್ಮತ್ರ ಇರೋವಾಗ ಬರೀ ಕರೆಂಟು ಕುಡೀತಿತ್ತು."

ನಗುತ್ತ ತಲೆಯೆತ್ತಿದವನು ಗೋಡೆಯ ಮೇಲಿನ ಕತ್ತರಿ ಕಂಡು ನಗು ನಿಲ್ಲಿಸಿದ. "ಇದು ನಮ್ ದೊರೆದು. ಜ್ವರ ನೆತ್ತಿಗೇರಿದಾಗ್ಲೂ ಕೈಲೇ ಇತ್ತು. ಅವ್ರು ಇದ ಎಂಗೆ ಇಡ್ಕತಿದ್ರು ಅಂದ್ರೆ..." ಎಂದು ತೋರಿಸಲು ಎಡಗೈ ಚಾಚಿದ.

"ಆ ಕೈ ಬೇಡಪ್ಪ" ಎಂದೆ.

ಅವನು ಕೈ ಹಿಂದಕ್ಕೆ ತೆಗೆದು, ಮಾತನ್ನೂ ಅಲ್ಲಿಗೇ ನಿಲ್ಲಿಸಿ, ಕೇಬಲ್ಲು ಕತ್ತರಿ ತೆಗೆದುಕೊಂಡು ಹೋದ.

೩. ಎದುರುಮನೆಯ ಅತ್ತೆ

ನಮ್ಮ ಪೇಟೆಯಲ್ಲಿ ತಗಡಿನ ಕೆಲಸಕ್ಕೆ ಒಬ್ಬರೇ ಸಾಬರು. ಸುತ್ತಲಿನ ಆಲೆಮನೆಗಳಿಗೆ ಕಬ್ಬಿನ ಹಾಲು ತುಂಬುವ ಡಬ್ಬ, ಕುದಿಯುವ ಕೊಪ್ಪರಿಗೆಯಿಂದ ನೊರೆ ತೆಗೆಯುವ ಜಾಲರಿ, ಎಲ್ಲ ಅವರ ಕೈಯದೇ. ಆ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಹೆಬ್ಬೆರಳು ಸತ್ತಂತಾಯಿತು. ಆಲೆ ಹೂಡುವ ಕಾಲ ಹತ್ತಿರ ಬಂದಿತ್ತು.

"ಹಗುರ ಆಗಿರೋ ಕತ್ತರಿ ಒಂದು ಆರಿಸಿಕೊಡಿ ಶೆಟ್ಟರೇ" ಎಂದರು. "ಈ ಸಲ ನಾನು ಡಬ್ಬ ಕೊಡಲಿಲ್ಲ ಅಂದ್ರೆ ಗೌಡರುಗಳು ಮಂಡ್ಯಕ್ಕೆ ಹೋಗ್ತಾರೆ. ಒಂದು ಸಲ ಹೋದವರು ತಿರುಗಿ ಬರೋಲ್ಲ. ನನಗೆ ಬೇರೆ ಕಸುಬು ಬರೋಲ್ಲ."

ಗೋಡೆಯ ಮೇಲಿನ ದೊರೆಯ ಕತ್ತರಿಯೊಂದು ಬಿಟ್ಟು ಇದ್ದ ಕತ್ತರಿಗಳನ್ನೆಲ್ಲ ಮುಂದಿಟ್ಟೆ. ಅವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಒಮ್ಮೆ ತೆರೆದು ಮುಚ್ಚಿ, ಸದ್ದು ಕೇಳಿ ಆರಿಸುವವರು. ಮೂರು ಆರಿಸಿಕೊಂಡು ಉದ್ದನೆಯ ತಗಡು ಹಿಡಿದರು. ಕೈಯಲ್ಲಿ ಬಲವಿಲ್ಲ, ಅಲಗು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದೆ ಹೋಗುತ್ತಿದೆ. ಆ ನಿಧಾನಕ್ಕೆ ತಗಡು ಒಂದು ದನಿ ತೆಗೆಯಿತು. ಕೀರಲಾಗಿ, ಎಳೆದು ಎಳೆದು, ಮುದುಕಿಯೊಬ್ಬಳು ಹಿತ್ತಲಿನಿಂದ ಯಾರನ್ನೋ ಬೈಯುತ್ತ ಕರೆಯುವ ಹಾಗೆ. ನಡುಮಧ್ಯಾಹ್ನ ನನ್ನ ತೋಳಿನ ಕೂದಲು ನಿಮಿರಿತು.

ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಅತ್ತೆ ಹೋಗಿ ಹನ್ನೆರಡು ವರ್ಷವಾಗಿತ್ತು, ಬದುಕಿದ್ದಾಗ ಸೊಸೆಯನ್ನು ಒಂದು ಗಳಿಗೆ ಕೂರಗೊಟ್ಟವರಲ್ಲ. ಎದುರುಮನೆಯ ಒಳಗಿನಿಂದ ಉತ್ತರ ಬಂತು.

"ಬಂದೆ ಅತ್ತೆ."

ಸಾಬರ ಕೈ ನಿಂತಿತು. ದನಿಯೂ ನಿಂತಿತು. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಓಡಿಬಂದರು, ಕೈಯಲ್ಲಿ ಮಜ್ಜಿಗೆ ಚೊಂಬು. ಬೀದಿಯ ಆಚೆ ಈಚೆ ನೋಡಿ, ಸಾಬರ ಕೈಯ ಕತ್ತರಿ ನೋಡಿದರು.

ಆಮೇಲೆ ಮೆಲ್ಲಗೆ ಹೇಳಿದರು. "ಸಾಬಣ್ಣ, ನಿಂಗೆ ಪುಣ್ಯ ಬತ್ತದೆ, ಬೇರೆ ಯಾವ್ದಾದ್ರೂ ತಗಳಪ್ಪ. ಇದು ಮಜ್ಜಿಗೆ ನೀರಾಗೈತೆ ಅಂತದೆ."

ನಾನು ನಕ್ಕೆ. ಸಾಬರೂ ನಕ್ಕರು, ಆದರೆ ಮೂರು ಕತ್ತರಿಗಳನ್ನೂ ಹಿಂದಕ್ಕೆ ಇಟ್ಟರು. ಒಂದೂ ಕೈಗೆ ಒಗ್ಗಿರಲಿಲ್ಲ. "ಅಲ್ಲಾನ ಇಚ್ಛೆ" ಎಂದು ಎದ್ದು ಹೋದರು. ಆ ರಾತ್ರಿ ದೇವರ ಮುಂದೆ ಅವರ ಕೈಗಾಗಿ ಒಂದು ತುಪ್ಪದ ದೀಪ ಹೆಚ್ಚಾಗಿ ಹಚ್ಚಿದೆ.

೪. ಆ ಕೈ

ಎಂಟು ದಿನ ಬಿಟ್ಟು ಸಾಬರು ಮತ್ತೆ ಬಂದರು. ನಾನು ಒಳಗೆ ಪೂಜೆಯಲ್ಲಿದ್ದೆ. ಹೊರಗಿನಿಂದ ಸದ್ದು ಬಂತು. ಕರ್ರ್, ಕರ್ರ್. ಬಾಯಿ ತೆರೆಯುವಾಗ ದೊರೆಯ ಕತ್ತರಿ ಮಾಡುವ ಅದೇ ಸದ್ದು. ಆದರೆ ಇನ್ನೂ ಹನ್ನೊಂದು ಗಂಟೆ, ಮುಸ್ಸಂಜೆಗೆ ಬಹಳ ಹೊತ್ತಿತ್ತು. ಘಂಟೆಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದೆ.

ಸಾಬರು ನೆಲದ ಮೇಲೆ ಕೂತಿದ್ದರು. ಗೋಡೆಯ ಮೊಳೆ ಖಾಲಿಯಿತ್ತು. ಸತ್ತ ಬಲಗೈಯಿಂದ ತಗಡನ್ನು ಮೊಳಕಾಲಿಗೆ ಒತ್ತಿಕೊಂಡು, ದೊರೆಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಿದ್ದರು. ನನಗೆ ಬೆನ್ನು ಮಾಡಿದ್ದರು. ತಗಡಿನ ಮೇಲೆ ದುಂಡಗೆ ಒಂದು ಡಬ್ಬದ ತಳದ ಗೆರೆ ಎಳೆದುಕೊಂಡಿದ್ದರು. ನಾಲ್ಕು ಜನರ ಕೈಯಲ್ಲಿ ಒದ್ದಾಡಿದ ಆ ಕತ್ತರಿ, ಗೆರೆಯ ಮೇಲೆ ಗೆರೆ ಬರೆದಂತೆ ಸುತ್ತಿ ಬರುತ್ತಿತ್ತು. ಒಂದು ಮಡಿಕೆ ಬೀಳಲಿಲ್ಲ, ಒಂದು ಕೂಗು ಏಳಲಿಲ್ಲ.

ನನ್ನ ಬಾಯಿಂದ "ಆ ಕೈ" ಎಂಬುದು ಬಂದೇಬಿಟ್ಟಿತ್ತು. ಬೆಚ್ಚಿ ತಿರುಗಿದ ಸಾಬರ ಕಣ್ಣಲ್ಲಿ ನೀರಿತ್ತು.

"ತಪ್ಪಾಯ್ತು ಶೆಟ್ಟರೇ. ನಿಮ್ಮ ಅಂಗಡಿ ನೇಮ ನನಗೆ ಗೊತ್ತು. ಎಲ್ಲದರಲ್ಲೂ ನೋಡಿಯಾಯ್ತು, ಇದೊಂದು ಉಳಿದಿತ್ತು. ನನಗೂ ಈ ಕೈ ಒಂದೇ ಉಳಿದಿರೋದು."

ದೇವರೇ, ಆಗ ನನಗೆ ಹೊಳೆಯಿತು. ಅಲಗುಗಳು ಮಿಕ್ಕ ಕತ್ತರಿಗಳಿಗೆ ತದ್ವಿರುದ್ಧವಾಗಿ ಕೂತಿದ್ದವು. ಬಲಗೈ ಒತ್ತಿದರೆ ಅಲಗು ಅಗಲುತ್ತದೆ, ಎಡಗೈ ಒತ್ತಿದರೆ ಕೂಡುತ್ತದೆ. ಇದು ಎಡಗೈಯವರಿಗೆಂದೇ ಮಾಡಿದ ಕತ್ತರಿ. ಆ ಕಡೆಯಿಂದ ಎಳೆಯುತ್ತಿದ್ದದ್ದು ಸತ್ತ ದೊರೆಯಲ್ಲ, ನನ್ನ ನೇಮ.

ಕೈಯಲ್ಲಿದ್ದ ಘಂಟೆಯನ್ನು ಬಾರಿಸಿ, ಕುಂಕುಮ ತಂದು, ಕತ್ತರಿಯ ಜೊತೆಗೆ ಆ ಎಡಗೈಗೂ ಇಟ್ಟೆ. "ತೆಗೆದುಕೊಂಡು ಹೋಗಿ ಸಾಬರೇ. ಇದು ನಿಮಗೋಸ್ಕರ ಕಾದಿತ್ತು" ಎಂದೆ.

ಮುಂದೆ ಲೈನ್‌ಮನ್ನು ಬಂದಾಗ ಕೇಳಿದೆ. "ನಿಮ್ಮ ದೊರೆ ಎಡಚರೇನಪ್ಪ?"

"ಊಂ ಕಣ್ ಸೆಟ್ರೇ. ಉಣ್ಣೋದೂ ಅದೇ ಕೈ, ರುಜು ಆಕೋದೂ ಅದೇ ಕೈ."

"ಅವತ್ತೇ ಒಂದು ಮಾತು ಹೇಳಬಾರದೇ?"

"ಏಳಕ್ಕೆ ಅಂತಲೇ ಕೈ ಎತ್ತಿದ್ದು. ನೀವು ಬುಟ್ರಾ?"

ಆ ವರ್ಷ ಆಲೆಮನೆಗಳಿಗೆಲ್ಲ ಸಾಬರ ಡಬ್ಬಗಳೇ ಹೋದವು. ಒಬ್ಬ ಗೌಡರೂ ಮಂಡ್ಯದ ದಾರಿ ಹಿಡಿಯಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ನನ್ನ ಬಲಗೈ ತುಂಬ ಬಾಳೆಹಣ್ಣಿನ ಚಿಪ್ಪು ಕೊಟ್ಟು ಕೂರಿಸಿದರು. ಕತ್ತರಿ ಅಲ್ಲಿಯೂ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರ ಮನೆಯವರು ದೀಪ ಹಚ್ಚಿ ಒಳಗೆ ಹೋದರು. ರೈಲಿನ ಸದ್ದಿಲ್ಲ, ಗಾಳಿಯೂ ಇಲ್ಲ.

ಕರ್ರ್ ಎಂದಿತು. ನಿಧಾನವಾಗಿ ಬಾಯಿ ತೆರೆಯಿತು.

ನಾನು ಹಣ್ಣನ್ನು ಎದೆಗವುಚಿಕೊಂಡು ಎದ್ದು ನಿಂತೆ. ಸಾಬರು ಬೀಡಿ ಕೂಡ ತೆಗೆಯಲಿಲ್ಲ ಬಾಯಿಂದ.

"ಕೂತ್ಕೊಳ್ಳಿ ಶೆಟ್ಟರೇ. ದಿನಾ ಇದೇ ಹೊತ್ತಿಗೆ ಹಿಂಗೇ. ನಿಮ್ಮಲ್ಲಿದ್ದಾಗ ಕೆಲಸ ಇರಲಿಲ್ಲ, ಹಸಿವಿಗೆ ಬಾಯಿ ತೆಗೀತಿತ್ತು. ಇಲ್ಲಿ ಬೆಳಿಗ್ಗೆಯಿಂದ ದುಡೀತದಲ್ಲ, ಆಕಳಿಸ್ತದೆ."

ಅಷ್ಟು ಹೇಳಿ ಅವರೂ ಒಮ್ಮೆ ಆಕಳಿಸಿದರು. ನೋಡಿ ನನಗೂ ಬಂತು. ಆಕಳಿಸುವ ಬಾಯೊಳಗೆ ಗಾಳಿ ಹೊಗಬಾರದೆಂದು ಚಿಟಿಕೆ ಹಾಕಿ ದೇವರ ಹೆಸರು ಹೇಳುವುದು ನಮ್ಮ ಮನೆಯ ಅಭ್ಯಾಸ, ಎಳೆಮಕ್ಕಳು ಆಕಳಿಸಿದರೂ ದೊಡ್ಡವರು ಹಾಕುತ್ತೇವೆ. ನನಗೊಂದು ಹಾಕಿಕೊಂಡೆ, ಸಾಬರಿಗೊಂದು ಹಾಕಿದೆ. ಗೋಡೆಯ ಮೇಲೆ ಇನ್ನೊಂದು ಬಾಯಿ ತೆರೆದೇ ಇತ್ತು. ಮನಸ್ಸು ತಡೆಯಲಿಲ್ಲ. ಅದರ ಮುಂದೆ ಹೋಗಿ "ಕೃಷ್ಣ, ಕೃಷ್ಣ" ಎಂದು ಒಂದು ಚಿಟಿಕೆ ಹಾಕಿದೆ.

ಟಕ್ ಎಂದು ಬಾಯಿ ಮುಚ್ಚಿಕೊಂಡಿತು.

ಆಮೇಲೆ ಗಮನಿಸಿದೆ. ಬಲಗೈಯಲ್ಲಿ ಬಾಳೆಹಣ್ಣಿತ್ತು. ನಾನು ಚಿಟಿಕೆ ಹಾಕಿದ್ದು ಆ ಕೈಯಲ್ಲಿ.