ಮನೆಯೊಳಗಿನ ಸಬ್ ಕಾಂಟ್ರಾಕ್ಟರು

ಸಬ್ ಕಾಂಟ್ರಾಕ್ಟರುಗಳ ಬಾಯಿಂದ ಕೆಲಸದ ಪ್ರಗತಿ ಹೊರಡಿಸುವುದರಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ಸತ್ಯ. (ಜಂಬವೂ ಹೌದು.) ನನ್ನ ಕೈಗೆ ಸಿಗದೆ ಉಳಿದವರು ಒಬ್ಬರೇ ಒಬ್ಬರು. ಅವರು ದಿನಾ ರಾತ್ರಿ ನನ್ನ ಎದುರಿಗೇ ಕೂತು ಊಟ ಮಾಡುತ್ತಾರೆ. ನನ್ನ ಗಂಡ, ನಿತೇಶ್.

ನಾನು, ವಿನಯಾ, ಬೈಂದೂರು ಬದಿಯ ದೊಡ್ಡದೊಂದು ಕುಡಿಯುವ ನೀರಿನ ಯೋಜನೆಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಗುದ್ದಲಿ ಹಿಡಿಯುವ ಕೆಲಸವಲ್ಲ, ಹಿಡಿದವರನ್ನು ಹಿಡಿಯುವ ಕೆಲಸ. ಯಾರದು ಎಷ್ಟಾಯಿತು, ಯಾವಾಗ ಮುಗಿಯುತ್ತದೆ ಎಂದು ಕೇಳಿ ಕೇಳಿ ಆಫೀಸಿನ ಗೋಡೆಯ ಮೇಲಿನ ನಕ್ಷೆಗೆ ಬಣ್ಣ ತುಂಬಬೇಕು. ಮುಗಿದದ್ದಕ್ಕೆ ಹಸಿರು, ಮುಗಿಯದ್ದಕ್ಕೆ ಕೆಂಪು. ಯಡ್ತರೆಯಲ್ಲಿ ನೀರಿನ ಟ್ಯಾಂಕಿ ಕಟ್ಟುತ್ತಿದ್ದ ದುಗ್ಗಪ್ಪ ಮೊದಮೊದಲು ಫೋನನ್ನೇ ಎತ್ತುತ್ತಿರಲಿಲ್ಲ. ನಾನು ಪಳಗಿಸಿದ ಮೇಲೆ ಶನಿವಾರ ಮಧ್ಯಾಹ್ನ ತಾನಾಗಿಯೇ ಫೋನು ಮಾಡಿ ವರದಿ ಒಪ್ಪಿಸತೊಡಗಿದ. ಸಭೆಯಲ್ಲಿ ನಾನು ಅವನನ್ನು ಆದರ್ಶ ಪುರುಷನೆಂದೇ ಕರೆಯುತ್ತಿದ್ದೆ.

ಶಿರೂರು ಬದಿಯ ಪೈಪು ಹಾಕುವ ಕೆಲಸ ನನ್ನ ಗಂಡನಿಗೆ ಸಿಕ್ಕಿತ್ತು. (ನನ್ನ ಪ್ರಭಾವದಿಂದಲ್ಲ. ಆ ತೀರ್ಮಾನದ ದಿನ ನಾನು ಕೋಣೆಯಿಂದ ಎದ್ದು ಹೊರಗೆ ಹೋಗಿ ನಿಂತಿದ್ದೆ.) ಇವರು ಕೋಡಿಯ ದೋಣಿ ಮನೆತನದವರು. ಊಟಕ್ಕೆ ಕೂತರೆ ಯಾರ ಬೋಟಿಗೆ ಎಷ್ಟು ಮೀನು ಬಿತ್ತು, ಯಾರ ಬಲೆ ಹರಿಯಿತು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಎಲ್ಲವನ್ನೂ ಹೇಳುತ್ತಾರೆ. ಪೈಪು ಎಲ್ಲಿಗೆ ಬಂತು ಎಂದರೆ ಮಾತ್ರ ಒಂದೇ ಉತ್ತರ, "ಆತಾ ಇತ್ತ್."

ಆತಾ ಇತ್ತ್! ಎಂದರೆ, ಆಗುತ್ತಾ ಇದೆ. ಆದಿ ಇಲ್ಲ, ಅಂತ್ಯ ಇಲ್ಲ. ಋಷಿಗಳು ಪರಬ್ರಹ್ಮನ ಬಗ್ಗೆ ಹೇಳುವ ಮಾತು. ಅದಕ್ಕೆ ನಾನು ಯಾವ ಬಣ್ಣ ತುಂಬಲಿ? ಎಲ್ಲರ ಪ್ರಗತಿ ಬಂತು, ಪತಿಯದೊಂದೇ ಬಾಕಿ. ಪ್ರಗತಿ ಕೇಳಲು ಹೋದ ನನಗೇ ಈ ಗತಿ.

ಒಂದು ಶುಕ್ರವಾರ ಪ್ರಾಜೆಕ್ಟ್ ಮ್ಯಾನೇಜರ್ ದಿವ್ಯಾ ಮೇಡಂ ನನ್ನನ್ನು ಕರೆದರು. ಪರೀಕ್ಷೆಗೆ ನೀರು ಬಿಡುವ ದಿನ ಗೊತ್ತಾಗಿದೆ, ಶಿರೂರಿನ ಲೈನು ಸೋಮವಾರದೊಳಗೆ ಖಚಿತವಾಗದಿದ್ದರೆ ಅರ್ಧ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಮೇಡಂ ಮೆದುವಾಗಿಯೇ ಹೇಳಿದ್ದು. ಆದರೆ ನಾನು ಹೊರಗೆ ಬರುವಾಗ ಪಕ್ಕದ ಮೇಜಿನವರು ಮಾತು ನಿಲ್ಲಿಸಿದರು. ಹೆಂಡತಿ ಗಂಡನ ಹುಳುಕು ಮುಚ್ಚಿಡುತ್ತಿದ್ದಾಳೆ ಎಂದು ಅವರು ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕಣ್ಣು ತುಂಬಿತು.

ಬಸ್ಸಿನಲ್ಲಿ ಬರುವಾಗ ಮಹಾ ಉಪಾಯವೊಂದು ಹೊಳೆಯಿತು. ಮನೆಗೆ ಬಂದವಳೇ ಆರ್ಥಿಕ ದಿಗ್ಬಂಧನದ ಮಾದರಿಯಲ್ಲಿ ಮತ್ಸ್ಯ ದಿಗ್ಬಂಧನ ಘೋಷಿಸಿದೆ. ಪ್ರಗತಿ ಹೇಳುವವರೆಗೆ ರಾತ್ರಿ ಊಟಕ್ಕೆ ಮೀನಿಲ್ಲ. ಅಡುಗೆಯ ಯಜಮಾನಿಕೆ ಅತ್ತೆಯದು. ಹೆಸರು ಅಮ್ಮಣಿ. ಅವರು ಸೌತೆಕಾಯಿ ಹುಳಿ ಮಾಡಿದರು. ಇವರು ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡು, ಚೆನ್ನಾಗಿದೆ ಎಂದು ತಾಯಿಗೆ ಹೇಳಿ ಎದ್ದರು. ಮೀನಿಲ್ಲದೆ ತುತ್ತು ಇಳಿಯದೆ ಒದ್ದಾಡಿದವಳು ನಾನು. (ಬೆಳಿಗ್ಗೆ ಇವರ ಬುತ್ತಿಯಲ್ಲಿ ಹುರಿದ ಬಂಗುಡೆ ಹೋಗುತ್ತದೆ ಎಂಬ ಗುಪ್ತ ಮಾಹಿತಿ ನನಗೆ ಸಿಕ್ಕಿದ್ದು ಆಮೇಲೆ.)

ಇನ್ನು ಕೇಳಿ ಪ್ರಯೋಜನವಿಲ್ಲ, ಕಣ್ಣಾರೆ ನೋಡುವುದೇ ಸರಿ ಎಂದು ಭಾನುವಾರ ಆಫೀಸಿನ ಜೀಪು ತರಿಸಿ, ಹೆಲ್ಮೆಟ್ ಏರಿಸಿ ಶಿರೂರಿಗೆ ಹೊರಟೆ. ಅಗೆದು ಬಿಟ್ಟ ಹೊಂಡ, ರಸ್ತೆ ಬದಿ ಬಿದ್ದ ಪೈಪು, ಮರದಡಿ ಮಲಗಿದ ಗಂಡ, ಮೂರನ್ನೂ ಎದುರಿಸಲು ಸಿದ್ಧಳಾಗಿದ್ದೆ. ಅಲ್ಲಿ ನೋಡಿದರೆ ಒಂದೂ ಇಲ್ಲ. ಹೊಂಡ ಮುಚ್ಚಿ ಮಣ್ಣು ಗಟ್ಟಿ ಮಾಡಿದ್ದಾರೆ. ವಾಲ್ವ್ ಗುಂಡಿಗಳಿಗೆ ನೀಲಿ ಬಣ್ಣ ಬಳಿದಿದ್ದಾರೆ. ಅಗೆಯುವಾಗ ಕೆಡವಿದ ಯಾರದೋ ಕಂಪೌಂಡಿನ ಕಲ್ಲುಗಳನ್ನು ಮೊದಲಿಗಿಂತ ನೇರವಾಗಿ ಕಟ್ಟಿ ಕೊಟ್ಟಿದ್ದಾರೆ. ಲೈನಿನುದ್ದಕ್ಕೂ ನಡೆದೆ. ಒಂದು ಕುಂದೂ ಸಿಗಲಿಲ್ಲ. ಪ್ಲಾನಿಂಗ್ ಇಂಜಿನಿಯರಿಗೆ ನಿರಾಸೆ, ಹೆಂಡತಿಗೆ ಎದೆಯುಬ್ಬುವ ಹೆಮ್ಮೆ. ಎರಡೂ ಒಂದೇ ಹೆಲ್ಮೆಟ್ಟಿನೊಳಗೆ.

ಹತ್ತಿರದ ಚಾ ಅಂಗಡಿಯ ನಾಗು, ನಮ್ಮ ಮದುವೆಗೆ ಬಂದಿದ್ದವಳು, ನನ್ನನ್ನು ಗುರುತು ಹಿಡಿದು ಕೂರಿಸಿದಳು. ಪೈಪಿಗೆ ನೀರು ಬಿಟ್ಟು ಒತ್ತಡ ನೋಡಿದ್ದೂ ಮೊನ್ನೆಯೇ ಆಯಿತು, ಒಂದು ಹನಿ ಸೋರಲಿಲ್ಲ ಎಂದಳು. ನನ್ನ ಮುಖ ನೋಡಿ ಅವಳಿಗೇ ಆಶ್ಚರ್ಯವಾಯಿತು.

"ನಿಮ್ಮ್ ಅತ್ತೆ ಹೇಳ್ಲಿಲ್ಯಾ? ನಂಗೆ ಅವ್ರೇ ಫೋನ್ ಮಾಡಿ ಹೇಳದ್ದ್."

ಶಿರೂರಿನ ಚಾ ಅಂಗಡಿಗೆ ಕೋಡಿಯ ನನ್ನ ಅಡುಗೆಮನೆಯಿಂದ ಸುದ್ದಿ ಬರುತ್ತಿದೆ. ಅದೇ ಅಡುಗೆಮನೆಯಲ್ಲಿ ನಾನು ಸೌತೆಕಾಯಿ ಹುಳಿ ಉಣ್ಣುತ್ತಿದ್ದೇನೆ.

ಮನೆಗೆ ಬಂದು ಇಬ್ಬರನ್ನೂ ಎದುರು ಕೂರಿಸಿಕೊಂಡೆ. ಅತ್ತೆ ಬಂಗುಡೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಮಗ ದಿನಾ ಮಧ್ಯಾಹ್ನ ಉಂಡ ಮೇಲೆ ಫೋನು ಮಾಡಿ ಅಂದಂದಿನ ಕೆಲಸ ತಾಯಿಗೆ ಹೇಳುತ್ತಾನಂತೆ. ಕೆಲಸ ಶುರುವಾದ ದಿನದಿಂದಲೂ.

"ಹ್ವಾಯ್, ನಂಗೆ ಹೇಳುಕೆ ನಿಮ್ಗೆ ಎಂತ ಆಯ್ತ್?" ಎಂದು ಇವರನ್ನು ಕೇಳಿದೆ.

ಇವರು ನೆಲ ನೋಡುತ್ತಲೇ ಹೇಳಿದರು. "ನಿಂಗೆ ಅರ್ಧ ಆಯ್ತ್ ಅಂದ್ರೆ, ಬಾಕಿ ಅರ್ಧ ಎಂತಕೆ ಆಯ್ಲಿಲ್ಲೆ ಅಂದ್ ಕೇಂತೆ. ಅಮ್ಮ ಆದ್ರೆ, ಅರ್ಧ ಆಯ್ತಾ ಮಗಾ, ಉಂಡ್ಯಾ, ಅಂತ್. ಪೂರಾ ಮುಗಿತ್ ಅಂದ್ರೆ ಮಾರನೇ ದಿನವೇ ನನ್ನ್ ಬೇರೆಯವ್ರ ಬದಿಗೆ ಕಳ್ಸ್ತೆ. ಹೌದಾ ಅಲ್ದಾ?"

ಹೌದು. ಜೀಪಿನಲ್ಲಿ ಬರುವಾಗಲೇ ಇವರ ಆಳುಗಳನ್ನು ಎಲ್ಲಿಗೆ ಕಳುಹಿಸುವುದೆಂದು ಲೆಕ್ಕ ಹಾಕಿಯಾಗಿತ್ತು.

ಅತ್ತೆಯ ಕಡೆಗೆ ತಿರುಗಿದೆ. ನೀವಾದರೂ ಹೇಳಬಾರದಿತ್ತೇ ಎಂದೆ.

"ಕೇಂಡ್ರೆ ಹೇಳ್ತಿದ್ದೆ ಹೆಣೆ. ನೀ ನನ್ನತ್ರ ಕೇಂಬ್ದ್ ಸಾರ್ ಆಯ್ತಾ ಅಂದ್ ಮಾತ್ರ," ಎಂದರು ಅತ್ತೆ. ಆಮೇಲೆ ಮೀನಿಗೆ ಉಪ್ಪು ಸವರುತ್ತ, ಯಾವುದೋ ಸಣ್ಣ ವಿಷಯವೆಂಬಂತೆ ಸೇರಿಸಿದರು. "ದುಗ್ಗಪ್ಪನ ಟ್ಯಾಂಕಿಗೆ ಮುಚ್ಚಿಗೆಯೇ ಆಯ್ಲಿಲ್ಲೆ ಅಂಬ್ರ್. ಅವ್ನ್ ಹೆಂಡ್ತಿ ಜಲಜ ಹೇಳ್ತ್. ಆಳುಗಳಿಲ್ದೆ ಪಾಪ ಅವಂಗೆ ನಿದ್ರೆ ಇಲ್ಲೆ."

ನನ್ನ ನಕ್ಷೆಯಲ್ಲಿ ದುಗ್ಗಪ್ಪನ ಟ್ಯಾಂಕಿ ನೆತ್ತಿಯ ತನಕ ಹಸಿರು. ಕೂಡಲೇ ಅವನಿಗೆ ಫೋನು ಹಚ್ಚಿದೆ. ಆದರ್ಶ ಪುರುಷ ಮೊದಲು ತಡವರಿಸಿದ, ಆಮೇಲೆ ಒಪ್ಪಿಕೊಂಡ. ಆಗಿಲ್ಲ ಎಂದರೆ ನಾನು ಬೈಯುತ್ತೇನೆಂದು ಹೆದರಿ, ನನಗೆ ಯಾವುದು ಕೇಳಿ ಸಂತೋಷವಾಗುತ್ತದೋ ಅದನ್ನು ಶನಿವಾರ ಶನಿವಾರ ಹೇಳುತ್ತಿದ್ದನಂತೆ. ಬೈಯಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ, "ಉಂಡ್ಯಾ ದುಗ್ಗಪ್ಪ?" ಎಂದೆ. ಆಮೇಲೆ ಅವನು ಹೇಳಿದ ಪ್ರಗತಿಯಷ್ಟು ಉದ್ದದ, ಅಷ್ಟು ನಿಜವಾದ ಪ್ರಗತಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸೋಮವಾರದ ಸಭೆಯಲ್ಲಿ ನನ್ನ ಕೈಯಾರೆ ಶಿರೂರಿಗೆ ಹಸಿರು ಬಳಿದೆ, ಯಡ್ತರೆಗೆ ಕೆಂಪು. ಹೇಗೆ ಗೊತ್ತಾಯಿತು ಎಂದು ಮೇಡಂ ಕೇಳಿದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಪಕ್ಕದ ಮೇಜಿನವರು ತಲೆ ತಗ್ಗಿಸಿದರು. ಅವತ್ತೇ ನನ್ನ ಗಂಡ, ಯಾರೂ ಕಳುಹಿಸದೆ, ತಾವಾಗಿ ಆಳುಗಳನ್ನು ಕರೆದುಕೊಂಡು ದುಗ್ಗಪ್ಪನ ಜೊತೆ ನಿಂತರು. ಗೊತ್ತು ಮಾಡಿದ ದಿನವೇ ಯಡ್ತರೆಯ ಟ್ಯಾಂಕಿಗೆ ನೀರು ಏರಿತು. ಕೆಳಗೆ ಮಣ್ಣು ಮೆತ್ತಿದ ಅಂಗಿಯಲ್ಲಿ ನಿಂತು ಮೇಲೆ ನೋಡುತ್ತಿದ್ದ ನನ್ನ ಗಂಡನನ್ನು ನಾನು ಊರಿಗೆಲ್ಲ ಕೇಳುವ ಹಾಗೆ "ನಮ್ಮನೆಯವರು" ಎಂದು ತೋರಿಸಿದೆ.

ಈಗ ದಿವ್ಯಾ ಮೇಡಂ ವಾರದ ಪ್ರಗತಿಗೆ ನನ್ನನ್ನು ಕಾಯುವುದಿಲ್ಲ. ನೇರ ಅತ್ತೆಗೇ ಫೋನು. ಎಂಥ ಸೊಸೆಗೂ ಅಭಿಮಾನ ಪಡುವ ವಿಷಯವೇ. ಹಾಗೆಂದುಕೊಂಡೇ ಮೊನ್ನೆ ಜಗಲಿಯಲ್ಲಿ ತಿಂಗಳ ವರದಿ ಹರಡಿಕೊಂಡು ಕೂತಿದ್ದೆ. ಒಳಗಿನಿಂದ ಅತ್ತೆಯ ಧ್ವನಿ ಕೇಳಿಸಿತು.

"ಎಲ್ಲರ್ದೂ ಸರಿ ಇತ್ತ್ ಮೇಡಂ. ನಮ್ಮ್ ವಿನಯಂದ್ ಮಾತ್ರ ಸ್ವಲ್ಪ ತಡ. ವರದಿ ಬರೀತೆ ಅಂದ್ ಬೆಳಿಗ್ಗೆಯಿಂದ ಕೂಕಂಡಿತ್ತ್, ಅರ್ಧವೂ ಆಯ್ಲಿಲ್ಲೆ. ನೀವ್ ಎಂತದೂ ಹೇಳುಕ್ ಹೋಗ್ಬೇಡಿ, ಹೆದ್ರತ್ತ್. ನಾನೇ ಊಟ ಹಾಕಿ ಮಾತಾಡ್ತೆ."